ಸಂಜೆ ಐದಕ್ಕೆ ಬಂದವನಿಗೂ ಪೂರ್ತಿ ಕೂಲಿ

ದಾವಣಗೆರೆಯ ನಮ್ಮ ಮನೆ ಮೇಲೆ ಒಂದು ರೂಮು ಹಾಕಿಸುತ್ತಿದ್ದಾಗ ಗಾರೆ ಮೇಸ್ತ್ರಿಗೆ ಬೈಬಲಿನ ಒಂದು ಕಥೆ ಹೇಳಿದೆ. ಮಧ್ಯಾಹ್ನ ಎಲ್ಲರೂ ಬುತ್ತಿ ಬಿಚ್ಚಿ ಕೂತಿದ್ದರು, ಸುಮ್ನೆ ಮಾತಿಗೆ ಹೇಳಿದ್ದು. ದ್ರಾಕ್ಷಿ ತೋಟದ ಯಜಮಾನನೊಬ್ಬ ಬೆಳಕು ಹರಿಯುವ ಹೊತ್ತಿಗೆ ಪೇಟೆಗೆ ಹೋಗಿ ಆಳುಗಳನ್ನು ಕರೆತರುತ್ತಾನೆ, ದಿನಕ್ಕೆ ಒಂದು ಬೆಳ್ಳಿ ನಾಣ್ಯ ಎಂದು ಮಾತಾಗುತ್ತದೆ. ಒಂಬತ್ತಕ್ಕೆ ಹೋಗಿ ಇನ್ನೊಂದಷ್ಟು ಜನರನ್ನು ಕರೆಯುತ್ತಾನೆ, ಆಮೇಲೆ ಹನ್ನೆರಡಕ್ಕೆ, ಮೂರಕ್ಕೆ, ಕೊನೆಗೆ ಸಂಜೆ ಐದಕ್ಕೂ. ಹೊತ್ತು ಮುಳುಗಿದ ಮೇಲೆ ಬಟವಾಡೆ. ಐದಕ್ಕೆ ಬಂದವರ ಕೈಗೂ ಒಂದು ನಾಣ್ಯ, ಬೆಳಗ್ಗೆಯಿಂದ ಬಿಸಿಲಲ್ಲಿ ಬೆಂದವರ ಕೈಗೂ ಅದೇ ಒಂದು ನಾಣ್ಯ.

"ಇದು ನಡಿಯಲ್ಲ ಸಾರ್," ಎಂದರು ಮೇಸ್ತ್ರಿ. "ಮಾರನೇ ದಿನ ಎಲ್ರೂ ಐದು ಗಂಟೆಗೇ ಬರ್ತಾರೆ."

ಎರಡು ಸಾವಿರ ವರ್ಷದ ಜಗಳವೊಂದರ ಅರ್ಧವನ್ನು ಅವರು ರೊಟ್ಟಿ ಮುರಿಯುತ್ತಾ ಹೇಳಿಬಿಟ್ಟರು. ಮನುಷ್ಯನ ವಿಮೋಚನೆ ಅವನ ಗಳಿಕೆ ಅಲ್ಲ, ಅವನ ಯೋಗ್ಯತೆ ನೋಡದೆ ದೇವರು ಕೊಡುವ ಉಡುಗೊರೆ ಎನ್ನುವುದು ಕ್ರೈಸ್ತ ನಂಬಿಕೆಯ ನಡುಗಂಬ. ಕೇಳುವುದಕ್ಕೆ ಬಹಳ ಸಲೀಸು. ಆದರೆ ಬಿಟ್ಟಿಯಾಗಿ ಸಿಕ್ಕಿದ್ದನ್ನು ಬಿಟ್ಟಿ ಎಂದು ಒಪ್ಪಿಕೊಳ್ಳುವುದು ಕ್ರೈಸ್ತರಿಗೇ ಯಾವತ್ತೂ ಸುಲಭವಾಗಿಲ್ಲ. ಯಾರೋ ಬಂದು ಅದಕ್ಕೊಂದು ರೇಟು ಕಟ್ಟುತ್ತಾರೆ, ಇನ್ಯಾರೋ ಬಂದು ಆ ರೇಟಿನ ಬೋರ್ಡು ಕೀಳುತ್ತಾರೆ. ಈ ನಂಬಿಕೆಯ ಚರಿತ್ರೆ ಓದಿದಷ್ಟೂ ನನಗೆ ಕಾಣುವುದು ಇದೇ.

ನಮ್ಮ ಸೀಮೆಯವರ ಕಿವಿಗೆ ಈ ಕಥೆ ಇನ್ನೂ ಸ್ವಲ್ಪ ಜಾಸ್ತಿ ಚುಚ್ಚುತ್ತದೆ. ಚಿತ್ರದುರ್ಗ ಜಿಲ್ಲೆಯ ನಾಯಕನಹಟ್ಟಿ ತಿಪ್ಪೇರುದ್ರಸ್ವಾಮಿಯ ಮಾತು ಇಲ್ಲಿ ಯಾರಿಗೆ ಗೊತ್ತಿಲ್ಲ? ಮಾಡಿದವರಿಗೆ ಮಾಡಿದಷ್ಟು ನೀಡು ಭಿಕ್ಷೆ. ಬರದ ಊರಲ್ಲಿ ಕೆರೆ ಕಟ್ಟಿಸಿದ ಸ್ವಾಮಿ ಅವರು. ಕೆರೆ ಕೆಲಸದವರಿಗೆ ಅವರವರು ದುಡಿದಷ್ಟೇ ಕೂಲಿ ಸಿಕ್ಕಿತು ಎಂದು ಜನ ಈಗಲೂ ಕಥೆ ಹೇಳುತ್ತಾರೆ. ಕಾಯಕ ನಂಬಿದ ನೆಲದ ಮಾತು ಅದು, ಅದರಲ್ಲಿ ತಪ್ಪು ಹುಡುಕುವ ಹಾಗಿಲ್ಲ. ಯೇಸುವಿನ ಕಥೆ ಅದಕ್ಕೆ ನೇರ ತಿರುಗಿ ನಿಲ್ಲುತ್ತದೆ. ಬೆಳಗ್ಗೆ ಬಂದ ಆಳುಗಳು ಗೊಣಗಿದಾಗ ಯಜಮಾನ ಕೊಡುವ ಉತ್ತರವೂ ನಮಗೆ ಚೆನ್ನಾಗಿ ಅರ್ಥವಾಗುವಂಥದ್ದು. ನಾನು ಧಾರಾಳವಾಗಿ ಕೊಟ್ಟೆ ಅಂತ ನಿನ್ನ ಕಣ್ಣು ಕೆಟ್ಟದಾಯಿತೇ ಎಂದು ಕೇಳುತ್ತಾನೆ. ಮೂಲ ಗ್ರೀಕಿನಲ್ಲೂ ಕಣ್ಣಿನ ಮಾತೇ ಇದೆ.

ಈ ಹೊಟ್ಟೆಕಿಚ್ಚು ನೋಡಲು ಅಷ್ಟು ಹಿಂದೆ ಹೋಗಬೇಕಾಗಿಲ್ಲ. 2024ರ ಎಸ್ಸೆಸ್ಸೆಲ್ಸಿಯಲ್ಲಿ ಕೃಪಾಂಕವನ್ನು ಶೇಕಡ 10ರಿಂದ 20ಕ್ಕೆ ಏರಿಸಿದಾಗ ಎಷ್ಟು ಗಲಾಟೆ ಆಯಿತು ನೆನಪಿದೆಯಲ್ವಾ? ಕೃಪಾಂಕ ಎಂಬ ಪದದಲ್ಲೇ ಕೃಪೆ ಇದೆ. ಆದರೆ ಕೃಪಾಂಕಕ್ಕೂ ಒಂದು ಲೆಕ್ಕ ಇದೆ, ಪಾಸಿನ ಗೆರೆಯ ಹತ್ತಿರ ಬಂದವನನ್ನು ಮಾತ್ರ ಅದು ದಾಟಿಸುತ್ತದೆ. ಕ್ರೈಸ್ತರು ಹೇಳುವ ಕೃಪೆ ಹಾಗಲ್ಲ. ಅದು ಸೊನ್ನೆ ತೆಗೆದವನಿಗೆ, ಪರೀಕ್ಷೆಗೇ ಬರದವನಿಗೆ, ಪ್ರಶ್ನೆಪತ್ರಿಕೆ ಹರಿದು ಎಸೆದವನಿಗೂ ಸಲ್ಲುತ್ತದೆ.

ಇದನ್ನು ಸಿದ್ಧಾಂತವಾಗಿ ಮೊದಲು ಬರೆದಿಟ್ಟ ಪೌಲ ಹೆಚ್ಚುಕಮ್ಮಿ ಅಂಥವನೇ. ಯೇಸುವಿನ ಶಿಷ್ಯರನ್ನು ಹಿಡಿದು ಜೈಲಿಗೆ ಹಾಕಿಸಲು ದಮಸ್ಕಕ್ಕೆ ಹೊರಟವನು ದಾರಿಯಲ್ಲಿ ತಿರುಗಿಬಿದ್ದ. ತಾನು ಸಂಪಾದಿಸಿದ್ದು ಏನೂ ಇಲ್ಲ ಎಂದು ಅವನಿಗೆ ಯಾರೂ ಹೇಳಿಕೊಡಬೇಕಿರಲಿಲ್ಲ. ಸುಮಾರು ಕ್ರಿಸ್ತಶಕ 57ರಲ್ಲಿ ರೋಮಿನವರಿಗೆ ಬರೆದ ಪತ್ರದಲ್ಲಿ ಕೂಲಿ ಒಂದು ಕಡೆ, ಉಡುಗೊರೆ ಒಂದು ಕಡೆ ಇಟ್ಟು ತೂಗುತ್ತಾನೆ. ಪಾಪ ಕೊಡುವುದು ಸಂಬಳ, ದೇವರು ಕೊಡುವುದು ದಾನ. ಮೇಸ್ತ್ರಿಯ ಪ್ರಶ್ನೆ ಅವನ ಕಾಲದಲ್ಲೇ ಎದ್ದಿತ್ತು. ಹಾಗಾದರೆ ಕೃಪೆ ಜಾಸ್ತಿ ಸಿಗಲಿ ಅಂತ ಪಾಪ ಮಾಡುತ್ತಲೇ ಇರೋಣವೇ ಎಂದು ತಾನೇ ಕೇಳಿಕೊಂಡು, ಎಂದಿಗೂ ಬೇಡ ಎನ್ನುತ್ತಾನೆ. ಬೈಬಲಿನಲ್ಲೇ ಇರುವ ಯಾಕೋಬನ ಪತ್ರ ಇನ್ನೂ ಖಡಕ್ಕು, ಕೆಲಸ ಕಾಣದ ನಂಬಿಕೆ ಸತ್ತ ನಂಬಿಕೆ ಎಂದು ಅದು ಹೇಳುತ್ತದೆ. ಅಂದರೆ ಜಗಳ ಹೊರಗಿನಿಂದ ಬಂದದ್ದಲ್ಲ, ಗ್ರಂಥದ ಒಳಗೇ ಇತ್ತು.

ವಿಮೋಚನೆ ಎಂಬ ಪದದ ಹಿಂದೆ ಇನ್ನೊಂದು ಲೋಕವಿದೆ. ಪೌಲ ಬಳಸಿದ ಗ್ರೀಕ್ ಪದ ಗುಲಾಮರನ್ನು, ಸೆರೆಯಾಳುಗಳನ್ನು ಹಣ ತೆತ್ತು ಬಿಡಿಸುವುದಕ್ಕೆ ಬಳಕೆಯಲ್ಲಿದ್ದದ್ದು. ಅದಕ್ಕೂ ಹಿಂದೆ ಯೆಹೂದಿಗಳ ಯಾಜಕಕಾಂಡದಲ್ಲಿ ಒಂದು ಕಾನೂನಿದೆ. ಬಡತನಕ್ಕೆ ಬಿದ್ದವನು ಹೊಲ ಮಾರಿಕೊಂಡರೆ ಹತ್ತಿರದ ನೆಂಟ ಬಂದು ಅದನ್ನು ಬಿಡಿಸಬೇಕು, ತನ್ನನ್ನೇ ಮಾರಿಕೊಂಡರೆ ಅಣ್ಣತಮ್ಮನೋ ಚಿಕ್ಕಪ್ಪನೋ ಬಿಡಿಸಬಹುದು, ಯಾರೂ ಬರದಿದ್ದರೆ 50ನೇ ವರ್ಷದಲ್ಲಿ ತಾನಾಗಿಯೇ ಬಿಡುಗಡೆ. ಅಡವಿಟ್ಟ ಒಡವೆ ಹರಾಜಿಗೆ ಬಂದಾಗ ಸೋದರಮಾವ ಬಡ್ಡಿ ಸಮೇತ ಕಟ್ಟಿ ಬಿಡಿಸಿಕೊಟ್ಟದ್ದನ್ನು ಕಂಡವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಒಡವೆ ಹಾಕಿಕೊಂಡವಳಿಗೆ ಅದು ಪುಕ್ಕಟೆ. ಮಾವನಿಗೆ ಅಲ್ಲ.

ಹಾಗಾದರೆ ಯೇಸು ಶಿಲುಬೆ ಮೇಲೆ ತೆತ್ತ ಬೆಲೆ ಯಾರ ಕೈ ಸೇರಿತು? ಇದಕ್ಕೆ ಕ್ರೈಸ್ತರು ಒಂದೇ ಉತ್ತರ ಕೊಟ್ಟಿಲ್ಲ. ಮೂರನೇ ಶತಮಾನದ ಕ್ರೈಸ್ತ ಪಂಡಿತ ಒರಿಜೆನ್, ಸೈತಾನನಿಗೆ ಎಂದ. ಆಮೇಲೆ ಬಂದ ನಿಸ್ಸಾದ ಗ್ರೆಗರಿ ಇನ್ನೂ ಮುಂದೆ ಹೋಗಿ, ಯೇಸುವಿನ ದೇಹ ಎರೆ, ಒಳಗಿದ್ದ ದೈವತ್ವ ಗಾಳ, ಸೈತಾನ ಆಸೆಬಿದ್ದು ನುಂಗಿ ಸಿಕ್ಕಿಬಿದ್ದ ಎಂದು ಬರೆದ. ನನಗಂತೂ ಇದು ಜಾನಪದ ಕಥೆಯಷ್ಟೇ ಇಷ್ಟ. ಆದರೆ ದೇವರು ಕಳ್ಳನಿಗೆ ಯಾಕೆ ದುಡ್ಡು ಕೊಡಬೇಕು ಎಂದು ಆ ಕಾಲದವರೇ ಕೇಳಿದರು. 1098ರ ಹೊತ್ತಿಗೆ ಆನ್ಸೆಲ್ಮ್ ಎಂಬ ಆರ್ಚ್‌ಬಿಷಪ್ ಲೆಕ್ಕವನ್ನೇ ತಿರುಗಿಸಿದ. ಸಾಲ ಇರುವುದು ದೇವರಿಗೇ, ಅವನ ಗೌರವಕ್ಕೆ ಮನುಷ್ಯ ಮಾಡಿದ ಕುಂದು ಅದು, ತೀರಿಸಬೇಕಾದವನು ಮನುಷ್ಯ, ತೀರಿಸುವ ಶಕ್ತಿ ಇರುವುದು ದೇವರಿಗೆ, ಆದ್ದರಿಂದ ದೇವರೇ ಮನುಷ್ಯನಾಗಿ ಬರಬೇಕಾಯಿತು. ಸ್ವಲ್ಪ ಕಾಲದ ಮೇಲೆ ಅಬೆಲಾರ್ಡ್ ಎಂಬವನು ಬಂದು ಸಾಲದ ಮಾತಿಗಿಂತ ಪ್ರೀತಿಯ ಮಾತು ದೊಡ್ಡದು, ಆ ಪ್ರೀತಿ ಕಂಡು ಮನುಷ್ಯ ಕರಗುತ್ತಾನೆ ಎಂದ.

ಬೆಲೆಯ ಜಗಳಕ್ಕಿಂತ ಬಿಸಿಯಾದದ್ದು ಪಡೆಯುವವನ ಪಾಲೆಷ್ಟು ಎಂಬ ಜಗಳ. ಐದನೇ ಶತಮಾನದ ಶುರುವಿನಲ್ಲಿ ಉತ್ತರ ಆಫ್ರಿಕದ ಹಿಪ್ಪೋ ಊರಿನ ಬಿಷಪ್ ಅಗಸ್ಟೀನ್ ಒಂದು ಕಡೆ, ಬ್ರಿಟನ್ನಿನಿಂದ ರೋಮಿಗೆ ಬಂದಿದ್ದ ಸನ್ಯಾಸಿ ಪೆಲೇಜಿಯಸ್ ಇನ್ನೊಂದು ಕಡೆ. ನೀನು ಆಜ್ಞೆ ಮಾಡಿದ್ದನ್ನು ನೀನೇ ಕೊಡು, ಆಮೇಲೆ ಏನು ಬೇಕಾದರೂ ಆಜ್ಞೆ ಮಾಡು ಎಂದು ಅಗಸ್ಟೀನ್ ದೇವರಿಗೆ ಪ್ರಾರ್ಥಿಸಿದ್ದ. ಅದನ್ನು ಕೇಳಿ ಪೆಲೇಜಿಯಸ್‌ಗೆ ಮೈಯೆಲ್ಲ ಉರಿಯಿತು. ಎಲ್ಲ ದೇವರೇ ಮಾಡಬೇಕಾದರೆ ಮನುಷ್ಯ ಯಾಕೆ ಪ್ರಯತ್ನ ಪಡಬೇಕು? ನಮ್ಮ ಮೇಸ್ತ್ರಿ ಅವನ ಪಕ್ಷ. 418ರಲ್ಲಿ ಕಾರ್ಥೇಜ್‌ನಲ್ಲಿ, 431ರಲ್ಲಿ ಎಫೆಸದಲ್ಲಿ ಸೇರಿದ ಬಿಷಪ್‌ಗಳ ಸಭೆಗಳು ಪೆಲೇಜಿಯಸ್ ವಾದ ತಪ್ಪು ಎಂದವು. ಅರ್ಧ ನಾನು, ಅರ್ಧ ದೇವರು ಎನ್ನುವ ರಾಜಿ ಸೂತ್ರವೂ 529ರಲ್ಲಿ ಫ್ರಾನ್ಸಿನ ಆರೆಂಜ್‌ನಲ್ಲಿ ಬಿದ್ದುಹೋಯಿತು.

ಶ್ರೀವೈಷ್ಣವರ ಕೋತಿಮರಿ, ಬೆಕ್ಕಿನಮರಿ ವಾದ ಗೊತ್ತಿದ್ದವರಿಗೆ ಇದು ಬೇಗ ಹಿಡಿಯುತ್ತದೆ. ಕೋತಿಮರಿ ತಾಯಿಯನ್ನು ತಾನೇ ಗಟ್ಟಿಯಾಗಿ ಹಿಡಿದುಕೊಳ್ಳುತ್ತದೆ, ಬೆಕ್ಕಿನಮರಿಯನ್ನು ತಾಯಿಯೇ ಬಾಯಲ್ಲಿ ಕಚ್ಚಿಕೊಂಡು ಹೋಗುತ್ತದೆ. ಅಗಸ್ಟೀನ್ ಬೆಕ್ಕಿನಮರಿ. ಪೆಲೇಜಿಯಸ್ ಕೋತಿಮರಿಯೂ ಅಲ್ಲ, ಅವನದು ತಾನೇ ನಡೆದು ಹೋಗುವ ಕರು. ಎರಡೂ ಸಂಪ್ರದಾಯ ಒಂದೇ ಎಂದು ನಾನು ಹೇಳುತ್ತಿಲ್ಲ, ಪ್ರಶ್ನೆ ಒಂದೇ ಥರದ್ದು ಅಷ್ಟೇ.

ಸ್ಕೂಲಿನ ಸಮಾಜ ಪಾಠದಲ್ಲಿ ನಾವೆಲ್ಲ ಓದಿದ ಭಾಗ ಮಾರ್ಟಿನ್ ಲೂಥರ್‌ನದು. 1517ರ ಅಕ್ಟೋಬರ್ 31, ಜರ್ಮನಿಯ ವಿಟ್ಟೆನ್‌ಬರ್ಗ್, ಪಾಪಕ್ಷಮಾಪಣಾ ಪತ್ರಗಳ ಮಾರಾಟದ ವಿರುದ್ಧ ಅವನು ಮುಂದಿಟ್ಟ 95 ವಾದಗಳು. ಪಾಠದಲ್ಲಿ ಹೇಳದೆ ಬಿಟ್ಟದ್ದು ದುಡ್ಡಿನ ಜಾಡು. ಮೈನ್ಸ್‌ನ ಆರ್ಚ್‌ಬಿಷಪ್ ಆಲ್ಬರ್ಟ್ ಆ ಹುದ್ದೆ ಪಡೆಯಲು ಫುಗ್ಗರ್ ಎಂಬ ಬ್ಯಾಂಕಿನ ಮನೆತನದಿಂದ ಸಾಲ ಎತ್ತಿದ್ದ. ಜರ್ಮನಿಯಲ್ಲಿ ಮಾರಿದ ಪಾಪಕ್ಷಮಾಪಣಾ ಪತ್ರಗಳ ಹಣದಲ್ಲಿ ಅರ್ಧ ಆ ಸಾಲಕ್ಕೆ, ಇನ್ನರ್ಧ ರೋಮಿನಲ್ಲಿ ಕಟ್ಟುತ್ತಿದ್ದ ಸಂತ ಪೇತ್ರರ ದೇವಾಲಯಕ್ಕೆ. ಚರ್ಚಿನ ನಿಯಮದ ಪ್ರಕಾರ ಆ ಪತ್ರ ಪಾಪವನ್ನು ಕ್ಷಮಿಸುವುದಿಲ್ಲ, ಕ್ಷಮೆ ಸಿಕ್ಕ ಪಾಪಕ್ಕೆ ಉಳಿದ ದಂಡನೆಯನ್ನು ಕಡಿಮೆ ಮಾಡುತ್ತದೆ. ಮಾರುಕಟ್ಟೆಯಲ್ಲಿ ಕೂಗುವವರು ಅಷ್ಟು ಬಿಡಿಸಿ ಹೇಳುತ್ತಾರಾ?

ಲೂಥರ್‌ನ ಕಥೆಯಲ್ಲಿ ಕನ್ನಡಿಗರಿಗೆ ಮಜಾ ಕೊಡುವ ತುಣುಕೊಂದಿದೆ. 1522ರ ಜರ್ಮನ್ ಅನುವಾದದಲ್ಲಿ ಅವನು ಪೌಲನ ಮಾತಿಗೆ ಮೂಲದಲ್ಲಿಲ್ಲದ ಒಂದು ಪದ ಸೇರಿಸಿದ, 'ಮಾತ್ರ' ಎಂಬ ಪದ. ನಂಬಿಕೆಯಿಂದ ಮಾತ್ರ. ವಿರೋಧಿಗಳು ಹಿಡಿದು ಜಗ್ಗಾಡಿದರು. ಜರ್ಮನ್ ಭಾಷೆಯ ಜಾಯಮಾನಕ್ಕೆ ಅದು ಬೇಕು ಎಂದು ಅವನು 1530ರಲ್ಲಿ ಪತ್ರ ಬರೆದು ವಾದಿಸಿದ. ಕನ್ನಡದಲ್ಲಾದರೆ ಬರೀ ಒಂದು ಏಕಾರ ಸಾಕಿತ್ತು, ನಂಬಿಕೆಯಿಂದ ಎನ್ನುವುದು ನಂಬಿಕೆಯಿಂದಲೇ ಆಗಿಬಿಡುತ್ತಿತ್ತು.

ಕ್ಯಾಥೊಲಿಕರು 1547ರಲ್ಲಿ ಟ್ರೆಂಟ್ ಸಭೆಯಲ್ಲಿ ಉತ್ತರ ಕೊಟ್ಟರು. ಶುರು ಕೃಪೆಯಿಂದಲೇ, ಆದರೆ ಮನುಷ್ಯ ಕೈಚಾಚಬೇಕು, ಕೈಚಾಚುವ ಬಲವೂ ಕೃಪೆಯದೇ. ಮುಂದೆ ಯುದ್ಧಗಳಾದವು, ಒಳಜಗಳಗಳಾದವು. ಕೊನೆಗೆ 1999ರ ಅಕ್ಟೋಬರ್ 31ರಂದು ಜರ್ಮನಿಯ ಆಗ್ಸ್‌ಬರ್ಗ್‌ನಲ್ಲಿ ಲೂಥರನ್ನರೂ ಕ್ಯಾಥೊಲಿಕರೂ ಕೂತು, ನಮ್ಮ ಯೋಗ್ಯತೆಯಿಂದಲ್ಲ ಕೃಪೆಯಿಂದಲೇ ಎಂಬ ಒಪ್ಪಂದಕ್ಕೆ ಸಹಿ ಹಾಕಿದರು. 2006ರಲ್ಲಿ ಮೆಥಡಿಸ್ಟ್ ಪಂಥದವರೂ ಸೇರಿದರು. ಬೋರ್ಡು ಕೀಳುವವರ ಸಾಲಿನಲ್ಲಿ ಒಬ್ಬ ಮಾತ್ರ ಉಲ್ಟಾ ನಿಂತ. ಹಿಟ್ಲರನನ್ನು ವಿರೋಧಿಸಿ 1945ರಲ್ಲಿ ಗಲ್ಲಿಗೇರಿದ ಪಾದ್ರಿ ಬಾನ್‌ಹಾಫರ್, ಬಿಟ್ಟಿ ಬಿಟ್ಟಿ ಎನ್ನುತ್ತಾ ಕೃಪೆಯನ್ನು ಅಗ್ಗ ಮಾಡಿಬಿಟ್ಟಿರಿ ಎಂದು 1937ರಲ್ಲೇ ತನ್ನವರನ್ನು ಬೈದಿದ್ದ.

ಕೃಪೆಯ ಈ ಮಾತು ಕನ್ನಡಕ್ಕೆ ಬಂದದ್ದು ನಮ್ಮ ಪಕ್ಕದ ಬಳ್ಳಾರಿಯಿಂದ. 1810ರಲ್ಲಿ ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್ ಅಲ್ಲಿಗೆ ಬಂದ, ಮುಂದಿನ ಇಪ್ಪತ್ತು ವರ್ಷಗಳಲ್ಲಿ ಅವನೂ ವಿಲಿಯಂ ರೀವ್‌ನೂ ಬೈಬಲನ್ನು ಕನ್ನಡಕ್ಕೆ ತಂದರು. ಅನುವಾದಕರಿಗೆ ಪದದ ಬರ ಇರಲಿಲ್ಲ, ಪದಗಳಿಗೆ ಆಗಲೇ ಅರ್ಥ ಅಂಟಿಕೊಂಡಿದ್ದದ್ದೇ ತೊಂದರೆ. ಉಡುಗೊರೆಗೆ 'ವರ' ಎನ್ನೋಣವೆಂದರೆ ನಮ್ಮ ಕಥೆಗಳಲ್ಲಿ ವರ ಸಿಗುವುದು ತಪಸ್ಸು ಮಾಡಿದವನಿಗೆ. ರಾವಣನೂ ಭಸ್ಮಾಸುರನೂ ಬೆವರು ಸುರಿಸಿಯೇ ವರ ಪಡೆದವರು. ಅದಕ್ಕೇ ಇರಬೇಕು, ಹಳೆಯ ಕನ್ನಡ ಬೈಬಲಿನಲ್ಲಿ ಪೌಲನ ಸಂಬಳದ ಮಾತಿನ ಪಕ್ಕ 'ಉಚಿತಾರ್ಥವರ' ಎಂಬ ಉದ್ದನೆಯ ಪದ ಕೂತಿದೆ. ವರವೇನೋ ಹೌದು, ಆದರೆ ಪುಕ್ಕಟೆ ವರ. ಕ್ಯಾಥೊಲಿಕರು 'ವರಪ್ರಸಾದ' ಎನ್ನುತ್ತಾರೆ, ಅದು ನಮಗೆ ಇನ್ನೂ ಹತ್ತಿರ, ಪ್ರಸಾದಕ್ಕೆ ಸಾಲಲ್ಲಿ ನಿಂತವನ ಯೋಗ್ಯತೆ ಯಾರೂ ಕೇಳುವುದಿಲ್ಲವಲ್ಲ.

ಸೆಪ್ಟೆಂಬರ್ 8ರ ಹಬ್ಬಕ್ಕೆ ಹರಿಹರದ ಆರೋಗ್ಯ ಮಾತೆಯ ಗುಡಿಗೆ ಹೋದವರು ಅಲ್ಲಿನ ಜನ ನೋಡಿರುತ್ತೀರಿ. ಎಲ್ಲ ಜಾತಿಯವರೂ ಇರುತ್ತಾರೆ, ಮೇಣದಬತ್ತಿ ಹಿಡಿದು ಹರಕೆ ತೀರಿಸುತ್ತಾರೆ. ಇದಾದರೆ ಅದು ಕೊಡುತ್ತೇನೆ ಎನ್ನುವ ಲೆಕ್ಕ ಹೃದಯದಿಂದ ಅಷ್ಟು ಬೇಗ ಹೋಗುವಂಥದ್ದಲ್ಲ. ಅಲ್ಲಿ ಸಿಕ್ಕ ನಮ್ಮ ಬೀದಿಯ ಟೀಚರಮ್ಮನನ್ನು ಕೇಳಿದೆ, "ಎಲ್ಲ ಉಚಿತ ಅಂತೀರಿ, ಮತ್ತೆ ಹರಕೆ ಯಾಕೆ ಅಮ್ಮಾ?" ಅವರು ನಕ್ಕರು. "ಮಗಳು ಸುಮ್ನೆ ಬಂದ್ರೂ ತವರಲ್ಲಿ ಊಟ ಹಾಕ್ತಾರಪ್ಪ. ಆದ್ರೂ ಬರೋವಾಗ ಒಂದು ಡಜನ್ ಬಾಳೆಹಣ್ಣು ತರ್ತಾಳಲ್ವಾ?"

ನಮ್ಮ ಮನೆ ಕೆಲಸದ ಹೊತ್ತಿಗೆ ವಾಪಸ್ ಬರುತ್ತೇನೆ. ಕಥೆ ಹೇಳುವಾಗ ನಾನೊಂದು ತುಣುಕು ಬಿಟ್ಟಿದ್ದೆ, ಆಮೇಲೆ ನೆನಪಾಗಿ ಸೇರಿಸಿದೆ. ಐದು ಗಂಟೆಗೆ ಯಜಮಾನ ಆ ಜನರನ್ನು, ಇಡೀ ದಿನ ಇಲ್ಲಿ ಯಾಕೆ ಸುಮ್ಮನೆ ನಿಂತಿದ್ದೀರಿ ಎಂದು ಕೇಳುತ್ತಾನೆ. ಯಾರೂ ನಮ್ಮನ್ನು ಕೂಲಿಗೆ ಕರೆಯಲಿಲ್ಲ ಎನ್ನುತ್ತಾರೆ ಅವರು. ಮೇಸ್ತ್ರಿ ಏನೂ ಹೇಳಲಿಲ್ಲ, ಬುತ್ತಿ ಕಟ್ಟಿದರು. ಬಾಂಡ್ಲಿ ಹೊರುವ ಹೆಂಗಸು, ಅಲ್ಲೀತನಕ ಒಂದು ಮಾತೂ ಆಡದವರು, ನನ್ನ ಕಡೆ ತಿರುಗಿದರು.

"ಅಣ್ಣಾ, ಆ ಸಾವ್ಕಾರ ಮಾರನೇ ದಿನ ಅಡ್ಡೆಗೆ ಬಂದ್ನಾ? ಅದು ಬರ್ದಿದಾರಾ?"

"ಇಲ್ಲಮ್ಮ, ಅದು ಬರೆದಿಲ್ಲ."

"ಬರೀಬೇಕಿತ್ತು," ಎಂದು ಅವರು ತಲೆ ಮೇಲೆ ಸಿಂಬಿ ಸರಿಮಾಡಿಕೊಂಡು ಎದ್ದರು.