ಕೊಡಗಿನ ಮಳೆಯಲ್ಲಿ ದುಬಾರಿ ವಾಚು: ಸರ್ವಿಸ್ ಎಷ್ಟು ವರ್ಷಕ್ಕೊಮ್ಮೆ?

ಲಕ್ಷಗಟ್ಟಲೆ ಕೊಟ್ಟು ಕೊಂಡ ಮೆಕ್ಯಾನಿಕಲ್ ವಾಚನ್ನು ಎಷ್ಟು ವರ್ಷಕ್ಕೊಮ್ಮೆ ಸರ್ವಿಸ್‌ಗೆ ಕೊಡಬೇಕು? ಕಂಪನಿಗಳನ್ನು ಕೇಳಿದರೆ ಒಬ್ಬೊಬ್ಬರದು ಒಂದೊಂದು ಲೆಕ್ಕ. ರೋಲೆಕ್ಸ್ ಸುಮಾರು 10 ವರ್ಷ ಎನ್ನುತ್ತದೆ, ಒಮೆಗಾ 5ರಿಂದ 8 ವರ್ಷ. ಹಳೆಯ ಕಾಲದ ರಿಪೇರಿಯವರು ಮೂರು ವರ್ಷ ದಾಟಿಸಬೇಡಿ ಎನ್ನುತ್ತಾರೆ. ಎಲ್ಲಕ್ಕೂ ಕಾರಣವಿದೆ. ಆದರೆ ಮಡಿಕೇರಿ, ನಾಪೋಕ್ಲು, ಭಾಗಮಂಡಲದ ಕಡೆ ವಾಚು ಕಟ್ಟುವವರಿಗೆ ಇದು ಅರ್ಧ ಉತ್ತರ ಮಾತ್ರ. ವಾಚಿನಲ್ಲಿ ಹಳತಾಗುವ ವಸ್ತು ಮುಖ್ಯವಾಗಿ ಎರಡು: ಯಂತ್ರದೊಳಗಿನ ಎಣ್ಣೆ, ಕೇಸಿನ ಸಂದುಗಳಲ್ಲಿ ಕೂತು ನೀರು ತಡೆಯುವ ರಬ್ಬರ್ ಉಂಗುರ, ಅಂದರೆ ಗ್ಯಾಸ್ಕೆಟ್. ಕಂಪನಿ ಹೇಳುವ ವರ್ಷಗಳ ಲೆಕ್ಕ ಹೆಚ್ಚಾಗಿ ಎಣ್ಣೆಯದು. ಕೊಡಗಿನಲ್ಲಿ ವಾಚು ಕೆಡಿಸುವುದು ಬಹುಪಾಲು ರಬ್ಬರಿನ ಸೋಲು.

ಮೊದಲು ಎಣ್ಣೆ. ಇಂದಿನ ಹೆಚ್ಚಿನ ಆಟೋಮ್ಯಾಟಿಕ್ ವಾಚುಗಳ (ಕೈಯ ಅಲುಗಾಟಕ್ಕೆ ತಾವೇ ಚಾವಿ ತುಂಬಿಕೊಳ್ಳುವಂಥವು) ಬಡಿತ ಗಂಟೆಗೆ 28,800. ದಿನಕ್ಕೆ 6,91,200, ವರ್ಷಕ್ಕೆ 25 ಕೋಟಿ ದಾಟುತ್ತದೆ. ಹಿಂದೆಮುಂದೆ ಹೊರಳುತ್ತಾ ಅಷ್ಟೂ ಬಡಿತವನ್ನು ಹೊರುವ ಬ್ಯಾಲೆನ್ಸ್ ಚಕ್ರದ ಅಚ್ಚಿನ ತುದಿ ಸುಮಾರು 0.1 ಮಿಲಿಮೀಟರ್ ದಪ್ಪ, ಕೆಲವು ವಾಚುಗಳಲ್ಲಿ ಇನ್ನೂ ತೆಳು. ಅದು ತಿರುಗುವುದು ಕೃತಕ ಮಾಣಿಕ್ಯದ ಸಣ್ಣ ತೂತಿನಲ್ಲಿ. ಉಕ್ಕಿಗೂ ಮಾಣಿಕ್ಯಕ್ಕೂ ನಡುವೆ ಇರುವುದು ಬರಿಗಣ್ಣಿಗೆ ಕಾಣದಷ್ಟು ಎಣ್ಣೆ. ವರ್ಷಗಳು ಕಳೆದಂತೆ ಅದು ಹರಡಿ ಹೋಗುತ್ತದೆ, ಇಲ್ಲವೇ ದಪ್ಪಗಾಗಿ ಅಂಟಾಗುತ್ತದೆ. ಎಣ್ಣೆ ಒಣಗಿದ ಮೇಲೆ ಉಕ್ಕು ಸವೆದು ಕೆಂಪು ಬಣ್ಣದ ಹುಡಿ ಹುಟ್ಟುತ್ತದೆ. ಅದು ಕಬ್ಬಿಣದ ಆಕ್ಸೈಡ್. ಲೋಹಕ್ಕೆ ಪಾಲಿಶ್ ಹಾಕಲು ಬಳಸುವ ಪುಡಿಯೂ ಅದೇ. ಅಲ್ಲಿಂದ ಮುಂದೆ ವಾಚು ತನ್ನನ್ನು ತಾನೇ ಅರೆದುಕೊಳ್ಳುತ್ತದೆ. ಸರ್ವಿಸ್ ತಡವಾದರೆ ಎಣ್ಣೆಯ ಜೊತೆಗೆ ಚಕ್ರಗಳನ್ನೂ ಬದಲಿಸಬೇಕಾಗಿ ಬಿಲ್ಲು ಏರುವುದು ಇದೇ ಕಾರಣಕ್ಕೆ.

ಮೂರು ವರ್ಷದ ಹಳೆಯ ಸಲಹೆ ಬಂದದ್ದು ಪ್ರಾಣಿಜನ್ಯ ಎಣ್ಣೆಯ ಕಾಲದಿಂದ. ಆಗ ಕಡಲಹಂದಿಯ ದವಡೆಯಿಂದ ತೆಗೆದ ಎಣ್ಣೆಯನ್ನು ಗಡಿಯಾರಗಳಿಗೆ ಹಾಕುತ್ತಿದ್ದರು. ಅದು ಬೇಗ ಹುಳಿಯುತ್ತಿತ್ತು, ಗಟ್ಟಿಯಾಗುತ್ತಿತ್ತು. ಇಂದಿನ ಸಿಂಥೆಟಿಕ್ ಎಣ್ಣೆಗಳು ಹೆಚ್ಚು ಬಾಳುತ್ತವೆ. ಯಂತ್ರದ ವಿನ್ಯಾಸವೂ ಬದಲಾಗಿದೆ. ಬ್ಯಾಲೆನ್ಸ್ ಚಕ್ರಕ್ಕೆ ಬಡಿತಬಡಿತಕ್ಕೂ ಬಲ ಕೊಡುವ ಭಾಗ ಎಸ್ಕೇಪ್‌ಮೆಂಟ್. ಇಂಗ್ಲಿಷ್ ವಾಚು ತಯಾರಕ ಜಾರ್ಜ್ ಡೇನಿಯಲ್ಸ್ ರೂಪಿಸಿದ ಕೋ-ಆಕ್ಸಿಯಲ್ ಎಸ್ಕೇಪ್‌ಮೆಂಟನ್ನು ಒಮೆಗಾ 1999ರಲ್ಲಿ ಮಾರುಕಟ್ಟೆಗೆ ತಂದಿತು. ಅದರಲ್ಲಿ ಹಲ್ಲುಗಳು ಉಜ್ಜಿಕೊಂಡು ಜಾರುವುದು ಕಡಿಮೆ, ಹಾಗಾಗಿ ಎಣ್ಣೆಯ ಅವಲಂಬನೆಯೂ ಕಡಿಮೆ. ಇಂಥ ವಾಚನ್ನು ಮೂರು ವರ್ಷಕ್ಕೊಮ್ಮೆ ಬಿಚ್ಚಿಸುವುದು ದುಡ್ಡು ದಂಡ. ಪ್ರತಿ ಬಿಚ್ಚುವಿಕೆಯಲ್ಲೂ ಸ್ಕ್ರೂ ತಲೆ ಗೀರುವ, ಮುಳ್ಳು ಬಾಗುವ ಸಣ್ಣ ಅಪಾಯ ಇದ್ದೇ ಇದೆ.

ಹಾಗಾದರೆ ಯಾವಾಗ ಎಂದು ವಾಚನ್ನೇ ಕೇಳಬಹುದು. ಮನೆಯಲ್ಲಿ ಮಾಡಬಹುದಾದ ಮೊದಲ ಪರೀಕ್ಷೆ ಪವರ್ ರಿಸರ್ವ್, ಅಂದರೆ ಪೂರ್ತಿ ಚಾವಿಗೆ ವಾಚು ಎಷ್ಟು ಹೊತ್ತು ಓಡುತ್ತದೆ ಎಂಬುದು. ಆಟೋಮ್ಯಾಟಿಕ್ ವಾಚಿಗೆ ಕೈಯಲ್ಲಿ 30ರಿಂದ 40 ಸುತ್ತು ಚಾವಿ ಕೊಟ್ಟು, ಮುಖ ಮೇಲಾಗಿ ಮೇಜಿನ ಮೇಲಿಟ್ಟು, ಎಷ್ಟು ಗಂಟೆ ಓಡಿ ನಿಂತಿತು ಎಂದು ಬರೆದಿಡಿ. ಇಟಿಎ 2824-2 ಯಂತ್ರಕ್ಕೆ ಸುಮಾರು 38 ಗಂಟೆ, ರೋಲೆಕ್ಸ್ 3235ಕ್ಕೆ ಸುಮಾರು 70 ಗಂಟೆ ಬರಬೇಕು. ಐದಾರು ಗಂಟೆ ಮೊದಲೇ ನಿಲ್ಲುತ್ತಿದ್ದರೆ ಒಳಗೆ ಘರ್ಷಣೆ ಹೆಚ್ಚಿದೆ. ಚಾವಿ ಕೊಡುವಾಗ ಒಳಗಿನ ರೋಟರ್ (ಕೈಯ ಅಲುಗಾಟಕ್ಕೆ ತಿರುಗುವ ತೂಕದ ತುಂಡು) ಕೂಡ ಗಿರಗಿರನೆ ತಿರುಗಿದರೆ ಅದರ ತಿರುಗುವಿಕೆಯನ್ನು ಸ್ಪ್ರಿಂಗಿಗೆ ಒಯ್ಯುವ ರಿವರ್ಸಿಂಗ್ ಚಕ್ರಗಳು ಅಂಟಿಕೊಂಡಿವೆ ಎಂದರ್ಥ. ಆಗ ಚಾವಿ ಕೊಡುವುದನ್ನು ಅಲ್ಲಿಗೇ ನಿಲ್ಲಿಸಬೇಕು.

ಎರಡನೆಯದು ದಿನದ ವ್ಯತ್ಯಾಸ. ಒಂದು ವಾರ ದಿನವೂ ಅದೇ ಹೊತ್ತಿಗೆ ಮೊಬೈಲಿನ ಸಮಯದೊಂದಿಗೆ ಹೋಲಿಸಿ. ಸ್ವಿಸ್ ಕ್ರೊನೊಮೀಟರ್ ಪ್ರಮಾಣಪತ್ರಕ್ಕೆ ದಿನಕ್ಕೆ ಸರಾಸರಿ 4 ಸೆಕೆಂಡ್ ಹಿಂದೆ, 6 ಸೆಕೆಂಡ್ ಮುಂದೆ ಎಂಬ ಮಿತಿಯಿದೆ. ಎಂದೂ 3 ಸೆಕೆಂಡ್ ಮುಂದೆ ಹೋಗುತ್ತಿದ್ದ ವಾಚು ನಿಧಾನವಾಗಿ, ತಿಂಗಳುಗಳ ಅಂತರದಲ್ಲಿ, 12 ಸೆಕೆಂಡ್ ಹಿಂದೆ ಬೀಳತೊಡಗಿದರೆ ಎಣ್ಣೆ ಹಳತಾಗಿದೆ ಎಂದರ್ಥ. ಆದರೆ ನೆನ್ನೆ ಸರಿಯಿದ್ದದ್ದು ಇವತ್ತು ನಾಲ್ಕೈದು ನಿಮಿಷ ಮುಂದೆ ಓಡಿದರೆ ಸರ್ವಿಸ್‌ಗೆ ಕೊಡಬೇಡಿ. ಬಹುಮಟ್ಟಿಗೆ ಅದು ಅಯಸ್ಕಾಂತ. ಬ್ಯಾಲೆನ್ಸ್ ಚಕ್ರವನ್ನು ಹಿಂದೆಮುಂದೆ ಹೊರಳಿಸುವ ಹೇರ್‌ಸ್ಪ್ರಿಂಗಿನ ಸುರುಳಿಗಳು ಒಂದಕ್ಕೊಂದು ಅಂಟಿ ಸ್ಪ್ರಿಂಗ್ ಗಿಡ್ಡವಾದಂತಾಗಿ ಬಡಿತ ವೇಗವಾಗುತ್ತದೆ. ಸ್ಪೀಕರ್, ಇಂಡಕ್ಷನ್ ಒಲೆ, ಮೊಬೈಲ್ ಕವರಿನ ಕೊಂಡಿ, ಎಲ್ಲದರ ಸುತ್ತಲೂ ಕಾಂತಕ್ಷೇತ್ರವಿರುತ್ತದೆ. ವಾಚನ್ನು ದಿಕ್ಸೂಚಿಯ ಮೇಲೆ ಹಿಡಿದಾಗ ದಿಕ್ಸೂಚಿಯ ಮುಳ್ಳು ವಾಚಿನ ಬಡಿತಕ್ಕೆ ತಕ್ಕಂತೆ ಅದುರಿದರೆ ಖಚಿತ. ಡಿಮ್ಯಾಗ್ನೆಟೈಸರ್‌ನಲ್ಲಿ ಅರ್ಧ ನಿಮಿಷದ ಕೆಲಸ.

ಅಂಗಡಿಯಲ್ಲಿ ವಾಚಿನ ಬಡಿತದ ಸದ್ದು ಕೇಳಿ ಅಳೆಯುವ ಟೈಮ್‌ಗ್ರಾಫರ್ ಇದ್ದರೆ ಆಂಪ್ಲಿಟ್ಯೂಡ್ ಕೇಳಿ. ಬ್ಯಾಲೆನ್ಸ್ ಚಕ್ರ ಎಷ್ಟು ಡಿಗ್ರಿ ಹೊರಳುತ್ತದೆ ಎಂಬ ಅಳತೆ ಅದು. ಪೂರ್ತಿ ಚಾವಿ ಕೊಟ್ಟು ಮಲಗಿಸಿಟ್ಟಾಗ 270ರಿಂದ 310 ಡಿಗ್ರಿ ಇದ್ದರೆ ಯಂತ್ರ ಗಟ್ಟಿಮುಟ್ಟು. 24 ಗಂಟೆಯ ನಂತರ, ವಾಚನ್ನು ನೆಟ್ಟಗೆ ಹಿಡಿದಾಗ 200ಕ್ಕಿಂತ ಕೆಳಗಿಳಿದರೆ ಎಷ್ಟು ವರ್ಷವಾಯಿತೆಂದು ಲೆಕ್ಕ ಹಾಕದೆ ಬಿಚ್ಚಿಸಿ. ಸಮಯ ಸರಿಯಾಗಿ ತೋರಿಸುತ್ತಿದೆ ಎಂಬುದೊಂದನ್ನೇ ನಂಬಬಾರದು. ಒಂದು ಭಂಗಿಯಲ್ಲಿ ಹಿಂದೆ ಬಿದ್ದದ್ದನ್ನು ಇನ್ನೊಂದು ಭಂಗಿಯಲ್ಲಿ ಮುಂದೆ ಓಡಿ ಸರಿದೂಗಿಸುವ ವಾಚುಗಳು ಒಳಗೆ ಒಣಗಿರುವುದುಂಟು.

ಇನ್ನು ರಬ್ಬರ್. ಕೊಡಗಿನ ಮಟ್ಟಿಗೆ ವಿಷಯ ಬಿಗಿಯಾಗುವುದು ಇಲ್ಲಿ.

ಕೈಮೇಲಿನ ವಾಚಿನೊಳಗಿನ ಗಾಳಿ ಮೈಶಾಖಕ್ಕೆ 32 ಡಿಗ್ರಿಯಷ್ಟು ಬೆಚ್ಚಗಿರುತ್ತದೆ ಎಂದುಕೊಳ್ಳಿ. ಜುಲೈಯಲ್ಲಿ ತೋಟಕ್ಕಿಳಿದಾಗ 17 ಡಿಗ್ರಿಯ ಮಳೆ ಮೇಲೆ ಸುರಿಯುತ್ತದೆ. ಒಳಗಿನ ಗಾಳಿ ತಣಿದು ಒತ್ತಡ ಸುಮಾರು ಶೇ. 5ರಷ್ಟು ಇಳಿಯುತ್ತದೆ. ಮಡಿಕೇರಿಯ ಎತ್ತರದ ವಾಯುಭಾರಕ್ಕೆ ಲೆಕ್ಕ ಹಾಕಿದರೆ ಅದು ಸುಮಾರು 45 ಸೆಂಟಿಮೀಟರ್ ನೀರಿನ ಒತ್ತಡಕ್ಕೆ ಸಮ. ಗ್ಯಾಸ್ಕೆಟ್ ಹೊಸದಿದ್ದರೆ ಇದು ಲೆಕ್ಕಕ್ಕೇ ಇಲ್ಲ. ಒಣಗಿ ಚಪ್ಪಟೆಯಾದ ಗ್ಯಾಸ್ಕೆಟ್ ಆದರೆ ವಾಚು ಪ್ರತಿ ಸಲವೂ ಹೊರಗಿನ ತೇವವನ್ನು ಒಳಗೆ ಎಳೆದುಕೊಳ್ಳುತ್ತದೆ. ಘಾಟಿಯ ಪ್ರಯಾಣ ಇದಕ್ಕಿಂತ ದೊಡ್ಡ ಪರೀಕ್ಷೆ: ಸುಮಾರು 1,150 ಮೀಟರ್ ಎತ್ತರದ ಮಡಿಕೇರಿಯಿಂದ ಸಂಪಾಜೆ ಇಳಿದು ಮಂಗಳೂರು ತಲುಪುವಷ್ಟರಲ್ಲಿ ಹೊರಗಿನ ಒತ್ತಡ ಸುಮಾರು 1.3 ಮೀಟರ್ ನೀರಿನಷ್ಟು ಏರಿರುತ್ತದೆ. ಸೋರುವ ವಾಚು ಕರಾವಳಿಯ ಉಪ್ಪುಗಾಳಿಯನ್ನು ಕುಡಿದುಕೊಂಡೇ ವಾಪಸ್ ಬರುತ್ತದೆ. ಬಚ್ಚಲಲ್ಲಿ ಹಂಡೆಯ ಬಿಸಿನೀರು ಮೈಮೇಲೆ ಹುಯ್ದುಕೊಳ್ಳುವಾಗ ವಾಚು ಕೈಯಲ್ಲಿರಬಾರದು ಎನ್ನುವುದಕ್ಕೂ ಇದೇ ಕಾರಣ. ಸೋಪಿನ ನೀರಂತೂ ಬರಿ ನೀರಿಗಿಂತ ಸುಲಭವಾಗಿ ಸಂದಿಗೆ ನುಗ್ಗುತ್ತದೆ.

ಗಾಜಿನ ಒಳಗೆ ಮಂಜು ಕಂಡಾಗ ‘ಚಳಿಗೆ ಹಾಗಾಗುತ್ತೆ, ಬಿಸಿಲಿಗಿಟ್ಟರೆ ಹೋಗುತ್ತೆ’ ಎನ್ನುವವರಿದ್ದಾರೆ. ಲೆಕ್ಕ ಬೇರೆ ಹೇಳುತ್ತದೆ. ವಾಚಿನೊಳಗಿನ ಖಾಲಿ ಜಾಗ 2 ಮಿಲಿಲೀಟರ್ ಎಂದಿಟ್ಟುಕೊಂಡರೆ, 25 ಡಿಗ್ರಿಯ, ಶೇ. 80 ಆರ್ದ್ರತೆಯ ಗಾಳಿಯಲ್ಲಿ ಅಷ್ಟು ಜಾಗಕ್ಕೆ ಇರುವ ನೀರಿನ ಆವಿ ಸುಮಾರು 37 ಮೈಕ್ರೋಗ್ರಾಂ. 17 ಡಿಗ್ರಿಗೆ ತಣಿದಾಗ ಅದರಲ್ಲಿ ಹನಿಗಟ್ಟುವುದು 8 ಮೈಕ್ರೋಗ್ರಾಂ. ಇಡೀ ಗಾಜಿನ ಮೇಲೆ ಹರಡಿದರೆ ಅದು ಕಣ್ಣಿಗೆ ಕಾಣುವುದೇ ಕಷ್ಟ. ಮಂಜು ಕಾಣುವಷ್ಟು, ನಿಲ್ಲುವಷ್ಟು ಇದ್ದರೆ ನೀರು ಹೊರಗಿನಿಂದ ಬಂದಿದೆ. ಬಿಸಿಲಿಗಿಟ್ಟರೆ ಗಾಜಿನ ಮೇಲಿನ ನೀರು ಆವಿಯಾಗಿ ಒಳಗೇ ಉಳಿದು ಚಾವಿಯ ಕಡ್ಡಿ, ಸ್ಪ್ರಿಂಗ್, ಸ್ಕ್ರೂಗಳ ಮೇಲೆ ಕೂರುತ್ತದೆ. ಅಕ್ಕಿ ಡಬ್ಬದಲ್ಲಿ ಹೂತಿಡುವುದೂ ವ್ಯರ್ಥ. ಅಕ್ಕಿಹುಡಿ ಇನ್ನೊಂದು ತೊಂದರೆ. ಒಂದೆರಡು ದಿನದೊಳಗೆ ಹಿಂಬದಿ ಮುಚ್ಚಳ ತೆಗೆಸಿ ಒಣಗಿಸಬೇಕು. ಮಡಿಕೇರಿಯಿಂದ ಮೈಸೂರು ಸುಮಾರು 120 ಕಿಲೋಮೀಟರ್. ಮುಂದಿನ ವಾರ ಹೋಗೋಣ ಎಂದು ಕಾದರೆ ಅಷ್ಟರಲ್ಲಿ ತುಕ್ಕು ಶುರುವಾಗಿರುತ್ತದೆ.

ಆದ್ದರಿಂದ ಕೊಡಗಿನವರು ಪ್ರತಿ ವರ್ಷ ಮೇ ತಿಂಗಳಲ್ಲಿ, ಮಳೆ ಹಿಡಿಯುವ ಮೊದಲು, ವಾಟರ್ ರೆಸಿಸ್ಟೆನ್ಸ್ ಪರೀಕ್ಷೆಯೊಂದನ್ನು ಮಾಡಿಸಬೇಕು. ಇದಕ್ಕೆ ಯಂತ್ರ ಬಿಚ್ಚಬೇಕಿಲ್ಲ. ಗಾಳಿಯ ಒತ್ತಡದಲ್ಲಿಟ್ಟು ಕೇಸು ಎಷ್ಟು ಬಾಗುತ್ತದೆ ಎಂದು ಅಳೆಯುತ್ತಾರೆ, ಕೆಲವೇ ನಿಮಿಷದ ಕೆಲಸ. ಸೋರಿದರೆ ಹಿಂಬದಿ ಮುಚ್ಚಳ ಮತ್ತು ಚಾವಿ ಗುಂಡಿಯ ಗ್ಯಾಸ್ಕೆಟ್ ಬದಲಿಸಿ, ಸಿಲಿಕೋನ್ ಗ್ರೀಸ್ ಸವರಿಸಿ. ಬೇಗ ಸವೆಯುವುದು ಚಾವಿ ಗುಂಡಿಯದು. ಮಳೆಗಾಲದಲ್ಲೇ ಮುಚ್ಚಳ ತೆರೆಯಬೇಕಾಗಿ ಬಂದರೆ ಎಸಿ ಇರುವ ಒಣ ಕೋಣೆಯಲ್ಲಿ ಮುಚ್ಚುವ ಕಡೆ ಕೊಡಿ. ಅಂದ ಹಾಗೆ, ನೀರು ಹೊಕ್ಕ ಎಷ್ಟೋ ವಾಚುಗಳಲ್ಲಿ ಗ್ಯಾಸ್ಕೆಟ್ ನಿರಪರಾಧಿ. ತಾರೀಖು ತಿದ್ದಿ ಸ್ಕ್ರೂ ಕ್ರೌನನ್ನು (ತಿರುಪಿನಂತೆ ಕೂರುವ ಚಾವಿ ಗುಂಡಿ) ತಿರುಗಿಸಿ ಬಿಗಿಯಲು ಮರೆತಿರುತ್ತಾರೆ.

ತೋಟದ ಕೆಲಸಕ್ಕೆ ದುಬಾರಿ ವಾಚು ಬೇಡವೇ ಬೇಡ. ಕಳೆ ಕೊಚ್ಚುವ ಮೆಷಿನ್ನು, ಚೈನ್ ಸಾ ಇವುಗಳ ಎಡೆಬಿಡದ ಕಂಪನಕ್ಕೆ ಸ್ಕ್ರೂ ಸಡಿಲವಾಗುತ್ತದೆ, ರೋಟರಿನ ಅಚ್ಚು ಸವೆಯುತ್ತದೆ. ಕೋವಿಯೂ ಹಾಗೆಯೇ. ಬಲಗೈಯಲ್ಲಿ ಗುಂಡು ಹಾರಿಸುವವರ ಎಡಗೈ ಕೋವಿಯ ಮುಂಭಾಗ ಹಿಡಿದಿರುತ್ತದೆ, ವಾಚೂ ಅದೇ ಕೈಯಲ್ಲಿ. ಇನ್‌ಕಾಬ್ಲಾಕ್‌ನಂಥ ಆಘಾತರಕ್ಷಣೆ ಕಾಪಾಡುವುದು ಬ್ಯಾಲೆನ್ಸ್ ಅಚ್ಚಿನ ತುದಿಗಳನ್ನು ಮಾತ್ರ. ಆಯುಧಪೂಜೆಯ ಹಬ್ಬ ಕೈಲ್‌ಪೋದ್‌ನ ತೆಂಗಿನಕಾಯಿಗೆ ಗುಂಡು ಹೊಡೆಯುವ ಪಂದ್ಯಕ್ಕೆ, ಸುಗ್ಗಿಹಬ್ಬ ಪುತ್ತರಿಯ ಕದಿರು ಕೊಯ್ಯುವಾಗ ಕೋವಿ ಹಾರಿಸಲಿಕ್ಕೆ ಹೊರಡುವ ಮೊದಲು ವಾಚು ಬಿಚ್ಚಿ ಜೇಬಿಗಿಡಿ. ಸುಣ್ಣ, ಮೈಲುತುತ್ತ ಬೆರೆಸಿದ ಬೋರ್ಡೋ ದ್ರಾವಣ ಸಿಂಪಡಿಸುವ ದಿನವೂ ಬೇಡ. ಸುಣ್ಣ ಚೈನಿನ ಕೊಂಡಿಗಳಲ್ಲಿ ಒಣಗಿ ಕೂತು ಪಿನ್ನುಗಳನ್ನು ಸವೆಸುತ್ತದೆ. ಡೀಟ್ ಇರುವ ಸೊಳ್ಳೆ ಮುಲಾಮು ಹಳೆಯ ವಾಚುಗಳ ಅಕ್ರಿಲಿಕ್ ಗಾಜನ್ನು ಮಬ್ಬು ಮಾಡುತ್ತದೆ.

ಮಳೆಗಾಲದಲ್ಲಿ ಚರ್ಮದ ಪಟ್ಟಿ ಕಳಚಿ ರಬ್ಬರ್ ಅಥವಾ ಲೋಹದ ಚೈನು ಹಾಕಿ. ಚರ್ಮಕ್ಕೆ ವಾರದಲ್ಲೇ ಬೂಷ್ಟು ಹಿಡಿಯುತ್ತದೆ. ಕಟ್ಟದ ವಾಚನ್ನು ಗಾಳಿಯಾಡದ ಡಬ್ಬದಲ್ಲಿ ಸಿಲಿಕಾ ಜೆಲ್ ಜೊತೆ ಇಡಿ. ಬಣ್ಣ ಬದಲಾಗುವ ಜೆಲ್ ಒಳ್ಳೆಯದು, ಯಾವಾಗ ಒಣಗಿಸಬೇಕೆಂದು ಅದೇ ತೋರಿಸುತ್ತದೆ. ತಿಂಗಳಿಗೊಮ್ಮೆ ಚಾವಿ ಕೊಟ್ಟರೆ ಸಾಕು, ವೈಂಡರ್ ಪೆಟ್ಟಿಗೆಯಲ್ಲಿ ಹಗಲು ರಾತ್ರಿ ಸುತ್ತಿಸುವ ಅಗತ್ಯವಿಲ್ಲ.

ಪೂರ್ತಿ ಸರ್ವಿಸ್‌ಗೆ ಕೊಡುವಾಗ ಏನು ಮಾಡುತ್ತಾರೆ ಎಂದು ತಿಳಿದಿರುವುದು ಒಳ್ಳೆಯದು. ಮುಖ್ಯ ಸ್ಪ್ರಿಂಗಿನ ಬಿಗಿ ಇಳಿಸಿ, ಮುಳ್ಳು, ಡಯಲ್ ತೆಗೆದು, ಚಕ್ರಗಳನ್ನೆಲ್ಲ ಬಿಚ್ಚಿ ಅಲ್ಟ್ರಾಸಾನಿಕ್ ತೊಟ್ಟಿಯಲ್ಲಿ ತೊಳೆಯುತ್ತಾರೆ. ಎಸ್ಕೇಪ್‌ಮೆಂಟಿನ ಹಲ್ಲುಗಳನ್ನು ತಡೆದು ಬಿಡುವ ಪ್ಯಾಲೆಟ್ ಕಲ್ಲುಗಳನ್ನು ಅರಗಿನಿಂದ ಕೂರಿಸಿರುವುದರಿಂದ ಅವನ್ನು ಸ್ಪಿರಿಟ್ಟಿನಲ್ಲಿ ನೆನೆಸುವಂತಿಲ್ಲ; ಅರಗು ಕರಗಿ ಕಲ್ಲು ಜಾರುತ್ತದೆ. ಆಮೇಲೆ ಎಣ್ಣೆ, ಜಾಗಕ್ಕೊಂದು ಬಗೆ. ಬ್ಯಾಲೆನ್ಸಿಗೆ ಮೋಬಿಯಸ್ ಕಂಪನಿಯ 9010ರಂಥ ತೆಳುವಾದದ್ದು, ಪ್ಯಾಲೆಟ್ ಕಲ್ಲಿಗೆ 9415 ಗ್ರೀಸ್, ನಿಧಾನ ತಿರುಗುವ ದೊಡ್ಡ ಚಕ್ರಗಳಿಗೆ ದಪ್ಪ ಎಣ್ಣೆ, ಆಟೋಮ್ಯಾಟಿಕ್ ವಾಚಿನ ಬ್ಯಾರೆಲ್ (ಮುಖ್ಯ ಸ್ಪ್ರಿಂಗ್ ಇರುವ ಡಬ್ಬಿ) ಗೋಡೆಗೆ ಸ್ಪ್ರಿಂಗ್ ಅಳತೆ ಮೀರಿ ಜಾರದಂತೆ ಹಿಡಿಯುವ ಬ್ರೇಕಿಂಗ್ ಗ್ರೀಸ್. ಎಣ್ಣೆ ಹಾಕುವ ಸೂಜಿಯ ತುದಿ ಕಲ್ಲಿನ ಬಟ್ಟಲಿಗೆ ತಾಗಿದಾಗ ಹನಿ ತಾನೇ ಒಳಗೆ ಎಳೆದುಕೊಂಡು ಅಚ್ಚಿನ ಸುತ್ತ ಉಂಗುರವಾಗಿ ನಿಲ್ಲಬೇಕು. ಬಟ್ಟಲು ತುಳುಕಿದರೆ ಎಣ್ಣೆಯೆಲ್ಲ ಫಲಕದ ಮೇಲೆ ಹರಿದು ಹೋಗಿ ಅಚ್ಚು ಒಣಗುತ್ತದೆ. ಹೆಚ್ಚು ಎಣ್ಣೆ ಹಾಕಿದ ವಾಚು ಬೇಗ ಕೆಡುವುದು ಹೀಗೆ. ‘ಬಿಚ್ಚದೆ ಒಂದು ಹನಿ ಎಣ್ಣೆ ಬಿಟ್ಟುಕೊಡ್ತೀನಿ’ ಎನ್ನುವವರ ಕೈಗೆ ವಾಚು ಕೊಡಬೇಡಿ. ಹಳೆಯ ಕೊಳೆಯ ಮೇಲೆ ಹೊಸ ಎಣ್ಣೆ ಬಿದ್ದರೆ ಅರೆಯುವ ಹುಡಿ ಇನ್ನಷ್ಟು ಚೆನ್ನಾಗಿ ಹರಡುತ್ತದೆ.

ಕೇಸಿಗೆ ಪಾಲಿಶ್ ಬೇಡ ಎಂದು ಬರೆದು ಕೊಡಿ. ಪ್ರತಿ ಪಾಲಿಶ್‌ಗೂ ಲೋಹ ಕರಗಿ ಅಂಚುಗಳು ಮೊಂಡಾಗುತ್ತವೆ, ಮತ್ತೆ ಬರುವುದಿಲ್ಲ. ಬದಲಿಸಿದ ಭಾಗಗಳನ್ನು ವಾಪಸ್ ಕೇಳಿ. ವಿವಿಧ ಭಂಗಿಗಳ ರೇಟ್ (ದಿನದ ವ್ಯತ್ಯಾಸ) ಮತ್ತು ಆಂಪ್ಲಿಟ್ಯೂಡ್ ಬರೆದ ಚೀಟಿಯನ್ನೂ ಕೇಳಿ. ಅಜ್ಜ ಸೈನ್ಯದಿಂದ ತಂದ ಹಳೆಯ ವಾಚು ಮನೆಯಲ್ಲಿದ್ದು, ಡಯಲಿನ ಅಂಕಿಗಳ ಮೇಲೆ ಕಂದುಬಣ್ಣಕ್ಕೆ ತಿರುಗಿದ ಬಣ್ಣದ ಲೇಪವಿದ್ದರೆ, ಅದನ್ನು ಮನೆಯಲ್ಲಿ ತೆರೆಯಲೇಬೇಡಿ. ಅದು ರೇಡಿಯಂ ಇರಬಹುದು. ಹೊಳೆಯುವ ಸತುವಿನ ಸಲ್ಫೈಡ್ ಸೋತು ಕತ್ತಲಲ್ಲಿ ಬೆಳಗದೆ ಹೋಗಿದ್ದರೂ ರೇಡಿಯಂನ ಅರ್ಧಾಯುಷ್ಯ 1,600 ವರ್ಷ. ಉದುರಿದ ಹುಡಿ ಉಸಿರಿನಲ್ಲಿ ಒಳಹೋಗುವುದೇ ಅಪಾಯ. ಸರ್ವಿಸ್‌ಗೆ ಕೊಡುವಾಗ ರಿಪೇರಿಯವರಿಗೆ ಇದನ್ನು ಮೊದಲೇ ಹೇಳಿ, ಅವರೂ ಆ ಹುಡಿಯನ್ನು ಊದಿ ಹಾರಿಸದೆ ಎಚ್ಚರದಿಂದ ತೆರೆಯುತ್ತಾರೆ.