ಹೆರಿಗೆ ನಂತರದ ಖಿನ್ನತೆ: ಸನ್ನಿಯೂ ಅಲ್ಲ, ಬರೀ ಸುಸ್ತೂ ಅಲ್ಲ

ಬಾಣಂತಿಗೆ ಶೀತ ಆಗಬಾರದು ಅಂತ ಕಿವಿಗೆ ಹತ್ತಿ ಇಡುತ್ತೇವೆ. ಸೊಂಟ ನೋಯಬಾರದು ಅಂತ ಎಣ್ಣೆ ತಿಕ್ಕಿ ಬಿಸಿನೀರು ಹಾಕುತ್ತೇವೆ. ಬುದ್ಧಿಯೇ ತಪ್ಪಿದರೆ ಅದಕ್ಕೂ ಹಳೆಯ ಹೆಸರೊಂದಿದೆ: ಬಾಣಂತಿ ಸನ್ನಿ. ಆದರೆ ಸುಮ್ನೆ ಗೋಡೆ ನೋಡುತ್ತಾ ಕೂತು, ಮಗು ಅತ್ತಾಗ ಹಾಲು ಕೊಟ್ಟು, ಮತ್ತೆ ಗೋಡೆ ಕಡೆ ತಿರುಗುವವಳಿಗೆ ಏನಾಗಿದೆ? ಅಜ್ಜಿಯರ ಮಾತಿನಲ್ಲಿ ನನಗಂತೂ ಇದಕ್ಕೆ ಹೆಸರು ಸಿಕ್ಕಿಲ್ಲ. 'ಸುಸ್ತು' ಅಂದುಬಿಡುತ್ತಾರೆ, ಇಲ್ಲವೇ 'ಸೊಕ್ಕು'. ಡಾಕ್ಟರು ಹೇಳುವ ಹೆಸರು ಹೆರಿಗೆ ನಂತರದ ಖಿನ್ನತೆ, ಅಥವಾ ಪ್ರಸವೋತ್ತರ ಖಿನ್ನತೆ.

ಹೆರಿಗೆಯಾದ ಮೂರ್ನಾಲ್ಕು ದಿನಕ್ಕೆ ಕಾರಣವಿಲ್ಲದೆ ಅಳು, ಸಿಡುಕು ಬರುವುದುಂಟು. ಅದು ಬೇಬಿ ಬ್ಲೂಸ್. ತುಂಬಾ ಜನ ತಾಯಂದಿರಿಗೆ ಆಗುತ್ತದೆ, ಎರಡು ವಾರದೊಳಗೆ ತಾನೇ ಹೋಗುತ್ತದೆ. ಸನ್ನಿ ಬರುವುದು ಸಾವಿರಕ್ಕೆ ಒಬ್ಬಿಬ್ಬರಿಗೆ. ಯಾರೂ ಮಾತಾಡದಿದ್ದರೂ ದನಿ ಕೇಳಿಸುತ್ತದೆ, ಮನೆಯವರ ಮೇಲೇ ವಿಪರೀತ ಅನುಮಾನ ಹುಟ್ಟುತ್ತದೆ. ಅಂಥವರನ್ನು ಅದೇ ದಿನ ಆಸ್ಪತ್ರೆಗೆ ಕರೆದೊಯ್ಯಬೇಕು. (ತಣ್ಣೀರು ಕುಡಿದದ್ದಕ್ಕೆ ಬರುವ ಕಾಯಿಲೆ ಅಲ್ಲ ಅದು.)

ಖಿನ್ನತೆ ಇವೆರಡರ ನಡುವಿನದು. ಎರಡು ವಾರ ಕಳೆದರೂ ಬೇಸರ ಇಳಿಯುವುದಿಲ್ಲ. ಹಸಿವಿಲ್ಲ, ಯಾವುದರಲ್ಲೂ ಮನಸ್ಸಿಲ್ಲ, 'ನಾನು ಒಳ್ಳೆ ತಾಯಿ ಅಲ್ಲ' ಎಂಬ ಕೊರಗು. ನಿದ್ದೆಯನ್ನು ಸ್ವಲ್ಪ ಗಮನಿಸಿ. ಮಗು ಎಬ್ಬಿಸುತ್ತದೆ ಅಂತ ನಿದ್ದೆಗೆಡುವುದು ಎಲ್ಲರಿಗೂ ಇದ್ದದ್ದೇ, ಅಲ್ವಾ? ಮಗು ಗಾಢವಾಗಿ ಮಲಗಿದೆ, ಅಮ್ಮ ಪಕ್ಕದಲ್ಲೇ ಇದ್ದಾರೆ, ಆದರೂ ಇವಳಿಗೆ ಕಣ್ಣು ಮುಚ್ಚಲು ಆಗುತ್ತಿಲ್ಲ ಅಂದರೆ ಅದು ಬೇರೆ.

ಹೆರಿಗೆಯಾದ ಕೂಡಲೇ ಹಾರ್ಮೋನುಗಳು ದಿಢೀರನೆ ಇಳಿಯುತ್ತವೆ. ಆದರೆ ಎಲ್ಲವನ್ನೂ ಅದರ ತಲೆಗೆ ಕಟ್ಟುವುದು ಸರಿಯಲ್ಲ. ಗೋವಾದ ತಾಯಂದಿರ ಬಗ್ಗೆ 2002ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಬಡತನ, ಗಂಡನ ಹಿಂಸೆಯ ಜೊತೆಗೆ ಇನ್ನೊಂದು ಅಂಶವೂ ಕಂಡಿತ್ತು: ಹುಟ್ಟಿದ್ದು ಹೆಣ್ಣುಮಗು ಎಂಬುದು. ಇದನ್ನು ಯಾವ ಹಾರ್ಮೋನಿನ ಲೆಕ್ಕಕ್ಕೆ ಬರೆಯೋಣ?

ಆಪ್ತಸಮಾಲೋಚನೆಯಿಂದ ಎಷ್ಟೋ ಜನ ಸುಧಾರಿಸುತ್ತಾರೆ. ಹಾಲು ಕುಡಿಸುವಾಗಲೂ ಡಾಕ್ಟರ ಸಲಹೆಯಂತೆ ತೆಗೆದುಕೊಳ್ಳಬಹುದಾದ ಮಾತ್ರೆಗಳಿವೆ. ತಾಯಿ-ಮಗು ಒಟ್ಟಿಗೇ ಇದ್ದು ಚಿಕಿತ್ಸೆ ಪಡೆಯುವ ವಾರ್ಡ್ ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿದೆ. ಖಿನ್ನತೆ ಇದೆಯೇ ಎಂದು ನೋಡಲು 1987ರಿಂದ ಬಳಕೆಯಲ್ಲಿರುವ ಎಡಿನ್‌ಬರೋ ಪ್ರಶ್ನಾವಳಿಯಲ್ಲಿ ಹತ್ತೇ ಪ್ರಶ್ನೆ, ಕಳೆದ ಏಳು ದಿನಗಳ ಬಗ್ಗೆ. ಹತ್ತನೆಯದು, ನಿಮಗೆ ನೀವೇ ಹಾನಿ ಮಾಡಿಕೊಳ್ಳುವ ಯೋಚನೆ ಬಂದಿತ್ತೇ ಎಂಬುದು. ಅದಕ್ಕೆ 'ಹೌದು' ಎಂದರೆ ಅಂಕ ಕೂಡಿಸುತ್ತಾ ಕೂರಬೇಡಿ. ಒಬ್ಬಳನ್ನೇ ಬಿಡದೆ ತಕ್ಷಣ ಡಾಕ್ಟರ ಬಳಿ ಕರೆದೊಯ್ಯಿರಿ. ರಾತ್ರಿಯಾಗಿ ಏನೂ ತೋಚದಿದ್ದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಕರೆ ಮಾಡಿ, ಕನ್ನಡದಲ್ಲೇ ಮಾತಾಡಬಹುದು.