88 ತುಣುಕುಗಳ ಮಿನಿಡಿಸ್ಕ್: ಬಿಲ್ಲೆಯೇ ವಾದ್ಯವಾದ ಬಗೆ

ಅಂಗೈಯಲ್ಲಿ ಮುಚ್ಚಿಟ್ಟುಕೊಳ್ಳಬಹುದಾದಷ್ಟು ಚಿಕ್ಕ ಪ್ಲಾಸ್ಟಿಕ್ ಡಬ್ಬಿ, ಅದರ ಒಂದು ಅಂಚಿಗೆ ತಗಡಿನ ಪುಟ್ಟ ಬಾಗಿಲು, ಬಾಗಿಲು ಸರಿದರೆ ಒಳಗೆ ಮಿನುಗುವ 64 ಮಿಲಿಮೀಟರ್ ಅಗಲದ ಬಿಲ್ಲೆ. ದಾವಣಗೆರೆಯ ನಮ್ಮ ಮನೆಗೆ ಬಂದವರಿಗೆ ಇದನ್ನು ತೋರಿಸಿದರೆ ಹೆಚ್ಚಿನವರು ಹಳೆಯ ಕಂಪ್ಯೂಟರಿನ ಫ್ಲಾಪಿ ಎಂದೇ ತಿಳಿಯುತ್ತಾರೆ. ಹಾಗೆ ತಿಳಿಯುವುದರಲ್ಲಿ ತಪ್ಪೇನೂ ಇಲ್ಲ, ಏಕೆಂದರೆ ನಮ್ಮೂರಿನಲ್ಲಿ ಹಾಡು ಕೇಳುವ ಸಾಧನಗಳು ಬದಲಾದ ಕ್ರಮದಲ್ಲಿ ಈ ಬಿಲ್ಲೆಗೆ ಜಾಗವೇ ಇರಲಿಲ್ಲ. ಗ್ರಾಮಾಫೋನ್ ಪ್ಲೇಟಿನಿಂದ ಕ್ಯಾಸೆಟ್ಟಿಗೆ, ಕ್ಯಾಸೆಟ್ಟಿನಿಂದ ಸಿಡಿಗೆ, ಸಿಡಿಯಿಂದ ನೂರಾರು ಹಾಡುಗಳನ್ನು ಒಟ್ಟಿಗೆ ತುಂಬಿದ ಎಂಪಿ3 ಸಿಡಿಗೆ, ಅಲ್ಲಿಂದ ಮೊಬೈಲ್ ಅಂಗಡಿಯಲ್ಲಿ ಮೆಮೊರಿ ಕಾರ್ಡಿಗೆ ಹಾಡು ಹಾಕಿಸಿಕೊಳ್ಳುವ ಕಾಲಕ್ಕೆ ನಾವು ನೇರವಾಗಿ ನಡೆದು ಬಂದೆವು. ನಡುವೆ ಜಪಾನಿನಲ್ಲಿ ಮನೆಮಾತಾಗಿದ್ದ, ಯುರೋಪಿನಲ್ಲಿ ಅನೇಕ ರೇಡಿಯೋ ವರದಿಗಾರರ ಜೇಬಿನಲ್ಲಿದ್ದ ಮಿನಿಡಿಸ್ಕ್ ನಮ್ಮ ಪಾಲಿಗೆ ಬಂದೂ ಹೋಗಲಿಲ್ಲ.

ನಾನು ಹುಡುಕಿ ತರಿಸಿಕೊಂಡ ಬಿಲ್ಲೆ 1998ರಲ್ಲಿ ಇಂಗ್ಲೆಂಡಿನಲ್ಲಿ ಬಿಡುಗಡೆಯಾದದ್ದು. ಮಾಡಿದ ತಂಡದ ಹೆಸರು ಗೆಸ್ಕಾಮ್. ನಮ್ಮ ಕಲ್ಯಾಣ ಕರ್ನಾಟಕದ ವಿದ್ಯುತ್ ಕಂಪನಿಯ ಹೆಸರನ್ನೂ ಇಂಗ್ಲಿಷಿನಲ್ಲಿ ಇದೇ ಅಕ್ಷರಗಳಲ್ಲಿ ಬರೆಯುತ್ತಾರೆ, ಆದರೆ ಎರಡಕ್ಕೂ ಯಾವ ನಂಟೂ ಇಲ್ಲ. ಆಟೆಕರ್ ಎಂಬ ಎಲೆಕ್ಟ್ರಾನಿಕ್ ಸಂಗೀತದ ಜೋಡಿಯ ಶಾನ್ ಬೂತ್ ಮತ್ತು ರಾಬ್ ಬ್ರೌನ್ ಅವರೊಡನೆ ರಸೆಲ್ ಹ್ಯಾಸ್ವೆಲ್ ಸೇರಿ ಇದನ್ನು ಕಟ್ಟಿದರು. ಕೃತಿಯ ಹೆಸರೂ 'ಮಿನಿಡಿಸ್ಕ್' ಎಂದೇ. ಒಳಗಿರುವುದು 88 ತುಣುಕುಗಳು, ಅವುಗಳಲ್ಲಿ ಕೆಲವು ಕೆಲವೇ ಸೆಕೆಂಡುಗಳಲ್ಲಿ ಮುಗಿದುಹೋಗುತ್ತವೆ. ಇದನ್ನು ಮೊದಲಿನಿಂದ ಕೊನೆಯವರೆಗೆ ಸಾಲಾಗಿ ಕೇಳಬೇಕಾಗಿಲ್ಲ. ತುಣುಕುಗಳ ಕ್ರಮವನ್ನು ಕಲಸಿ ನುಡಿಸುವ, ಯಂತ್ರದ ಶಫಲ್ ಗುಂಡಿಯನ್ನು ಒತ್ತಿ, ತುಣುಕುಗಳು ಯಾವ ಕ್ರಮದಲ್ಲಿ ಬರುತ್ತವೆಯೋ ಆ ಕ್ರಮದಲ್ಲಿ ಕೇಳಲೆಂದೇ ಇದನ್ನು ರೂಪಿಸಲಾಗಿದೆ. ಇಂಥದ್ದೊಂದು ಯೋಚನೆ ಇದೇ ಬಿಲ್ಲೆಯ ಮೇಲೆ ಏಕೆ ಹುಟ್ಟಿತು ಎಂಬುದು ತಿಳಿಯಬೇಕಾದರೆ ಸ್ವಲ್ಪ ಹಿಂದಕ್ಕೆ ಹೋಗಬೇಕು.

ಸಂಗೀತವನ್ನು ತುಂಬಿಡುವ ವಸ್ತು ಸಂಗೀತದ ಆಕಾರವನ್ನು ತಿದ್ದುವುದು ಹೊಸತೇನಲ್ಲ. ದಾವಣಗೆರೆಯ ಚಿಂದೋಡಿ ಮನೆತನದ ಕೆ.ಬಿ.ಆರ್. ಡ್ರಾಮಾ ಕಂಪನಿಯ ನಾಟಕಗಳನ್ನು ನೋಡಿದ ಹಿರಿಯರು ನಮ್ಮೂರಲ್ಲಿ ಈಗಲೂ ಇದ್ದಾರೆ. ಕಂಪನಿ ನಾಟಕದ ರಂಗಗೀತೆ ಪ್ರೇಕ್ಷಕರ 'ಒನ್ಸ್ ಮೋರ್' ಕೂಗಿಗೆ ತಕ್ಕಂತೆ ಬೆಳೆಯುತ್ತಿತ್ತು, ಮತ್ತೆ ಮತ್ತೆ ಮೊದಲಿಗೆ ಮರಳುತ್ತಿತ್ತು. ಅದೇ ಬಗೆಯ ಹಾಡು ನಿಮಿಷಕ್ಕೆ 78 ಸುತ್ತು ತಿರುಗುವ ಹತ್ತು ಅಂಗುಲದ ಪ್ಲೇಟಿಗೆ ಬಂದಾಗ ಒಂದು ಬದಿಗೆ ಸುಮಾರು ಮೂರೇ ನಿಮಿಷದಲ್ಲಿ ಮುಗಿಯಬೇಕಾಗಿತ್ತು. ಆಲಾಪ ಕುಗ್ಗಿತು, ಪಲ್ಲವಿ ಬೇಗ ಬಂತು. ಪ್ಲೇಟು ಕೇಳಿ ಬೆಳೆದವರಿಗೆ ಆ ಮೂರು ನಿಮಿಷದ ಅಚ್ಚೇ ಹಾಡಿನ ಸಹಜ ರೂಪವಾಯಿತು.

ಈ ಮಿತಿಯನ್ನೇ ಕಲೆಯ ಸಾಮಗ್ರಿಯಾಗಿ ತಿರುಗಿಸಿಕೊಂಡವರಲ್ಲಿ ಮೊದಲಿಗರು ಫ್ರಾನ್ಸಿನ ಪಿಯರ್ ಶೆಫರ್. ಪ್ಯಾರಿಸ್ ರೇಡಿಯೋದಲ್ಲಿ ಕೆಲಸ ಮಾಡುತ್ತಿದ್ದ ಅವರು 1948ರಲ್ಲಿ ರೈಲಿನ ಸದ್ದು ಮೊದಲಾದ ದಿನನಿತ್ಯದ ಶಬ್ದಗಳನ್ನು ಪ್ಲೇಟಿನ ಮೇಲೆ ಕೊರೆದು, ಸುರುಳಿಯಾಗಿ ಒಳಕ್ಕೆ ಸಾಗಬೇಕಾದ ಗೆರೆಯನ್ನು ಒಂದೇ ಸುತ್ತಿನಲ್ಲಿ ತನ್ನ ಬಾಲಕ್ಕೇ ಸೇರುವಂತೆ ಮಾಡಿದರು. ಮುಳ್ಳು ಮುಂದೆ ಹೋಗಲಾರದೆ ಅದೇ ಸುತ್ತಿನಲ್ಲಿ ಉಳಿಯಿತು, ಮುಕ್ಕಾಲು ಸೆಕೆಂಡಿನ ಸದ್ದು ನಿಲ್ಲದೆ ಮರಳಿ ಮರಳಿ ಬಂತು. ಹಳೆಯ ಪ್ಲೇಟು ಒಂದೇ ಕಡೆ ಸಿಕ್ಕಿಕೊಂಡು ಒಂದೇ ಮಾತನ್ನು ಹೇಳುವುದನ್ನು ನಮ್ಮ ಮನೆಗಳಲ್ಲಿ ಕೆಡುಕೆಂದು ಎಣಿಸುತ್ತಿದ್ದರು. ಶೆಫರ್ ಅದನ್ನು ಬೇಕೆಂದೇ ಮಾಡಿ ಅದರಿಂದ ಲಯವನ್ನು ಪಡೆದರು.

1982ರಲ್ಲಿ ಸಿಡಿ ಮಾರುಕಟ್ಟೆಗೆ ಬಂದಾಗ ಅದಕ್ಕೆ ಕೊಳೆ ಅಂಟದು, ಅದು ತಪ್ಪು ನುಡಿಯದು ಎಂಬ ಮಾತು ಹಬ್ಬಿತ್ತು. ಜಪಾನಿನಲ್ಲಿ ಹುಟ್ಟಿ ನ್ಯೂಯಾರ್ಕಿನಲ್ಲಿ ನೆಲೆಸಿದ್ದ ಯಾಸುನಾವೊ ತೋನೆ 1980ರ ದಶಕದ ನಡುವಿನಲ್ಲೇ ಆ ಮಾತನ್ನು ಪರೀಕ್ಷೆಗೊಡ್ಡಿದರು. ಅಂಟುವ ಪಾರದರ್ಶಕ ಟೇಪಿಗೆ ಸೂಜಿಯಿಂದ ತೂತುಗಳನ್ನು ಮಾಡಿ ಸಿಡಿಯ ಕೆಳಮೈಗೆ ಅಂಟಿಸಿದರು. ಲೇಸರ್ ಕಿರಣ ತಪ್ಪು ತಪ್ಪಾಗಿ ಓದತೊಡಗಿತು, ಓದಿದ್ದನ್ನು ಸರಿಪಡಿಸುವ ಯಂತ್ರದ ವ್ಯವಸ್ಥೆ ಕೈಸೋತಿತು, ಸಿಡಿಯಲ್ಲಿದ್ದ ಸಂಗೀತದ ಬದಲು ಯಾರೂ ಬರೆಯದ ಸದ್ದುಗಳು ಹೊರಬಂದವು. 1990ರ ದಶಕದಲ್ಲಿ ಜರ್ಮನಿಯ ಓವಲ್ ತಂಡ ಸಿಡಿಯ ಮೇಲೆ ಪೆನ್ನಿನಿಂದ ಗೀಚಿ ಬರುವ ತಡವರಿಕೆಗಳನ್ನು ಹೆಕ್ಕಿ, ಬಹಳ ಮೃದುವಾದ ಸಂಗೀತವನ್ನು ನೇಯ್ದಿತು. ಈ ಹಾದಿಯಲ್ಲೆಲ್ಲ ಬಿಲ್ಲೆಗೆ ಗಾಯ ಮಾಡುವುದೇ ವಿಧಾನವಾಗಿತ್ತು.

ಮಿನಿಡಿಸ್ಕಿಗೆ ಹಾಗೆ ಗಾಯ ಮಾಡಲಾಗದು, ಅದು ಡಬ್ಬಿಯೊಳಗೆ ಭದ್ರವಾಗಿ ಕುಳಿತಿರುತ್ತದೆ. ಸೋನಿ ಕಂಪನಿ ಅದನ್ನು 1992ರಲ್ಲಿ ಹೊರತಂದದ್ದು ಕ್ಯಾಸೆಟ್ಟಿನ ಜಾಗ ಹಿಡಿಯಲೆಂದು. ಅದೇ ವರ್ಷ ಫಿಲಿಪ್ಸ್ ತಂದ ಡಿಜಿಟಲ್ ಕ್ಯಾಸೆಟ್ ನಾಲ್ಕೇ ವರ್ಷದಲ್ಲಿ ನಿಂತುಹೋಯಿತು. ಸಿಡಿಯ ಅರ್ಧದಷ್ಟು ಅಗಲದ ಬಿಲ್ಲೆಯಲ್ಲಿ ಸಿಡಿಯಷ್ಟೇ, ಅಂದರೆ 74 ನಿಮಿಷದ ಸಂಗೀತ ಹಿಡಿಸಬೇಕಾದ್ದರಿಂದ, ಜೋರು ದನಿಯ ಮರೆಯಲ್ಲಿ ಕಿವಿಗೆ ಬೀಳದೆ ಹೋಗುವ ಸಣ್ಣ ದನಿಗಳನ್ನು ಬಿಟ್ಟು ಉಳಿದದ್ದನ್ನು ಮಾತ್ರ ಬರೆದುಕೊಳ್ಳುವ ಅಟ್ರಾಕ್ ಎಂಬ ಕ್ರಮವನ್ನು ಸೋನಿ ರೂಪಿಸಿತು. ಮಾಹಿತಿಯ ಪ್ರಮಾಣ ಸಿಡಿಯ ಐದನೇ ಒಂದು ಭಾಗಕ್ಕೆ ಇಳಿಯಿತು. ಮನೆಯಲ್ಲಿ ಮುದ್ರಿಸಿಕೊಳ್ಳುವ ಬಿಲ್ಲೆಗಳಲ್ಲಿ ಒಂದು ಬದಿಯಿಂದ ಲೇಸರ್ ಒಂದು ಚುಕ್ಕೆಯನ್ನು ಕಾಯಿಸಿದರೆ, ಇನ್ನೊಂದು ಬದಿಯಿಂದ ಆಯಸ್ಕಾಂತದ ತಲೆ ಆ ಚುಕ್ಕೆಯ ಕಾಂತೀಯ ದಿಕ್ಕನ್ನು ಬದಲಿಸುತ್ತದೆ. ಅಂಗಡಿಯಲ್ಲಿ ಹಾಡು ತುಂಬಿಯೇ ಮಾರುವ ಬಿಲ್ಲೆಗಳು ಮಾತ್ರ ಸಿಡಿಯಂತೆ ಸಣ್ಣ ಗುಳಿಗಳನ್ನು ಅಚ್ಚೊತ್ತಿ ಮಾಡಿದಂಥವು. ಗೆಸ್ಕಾಮ್ ಬಿಲ್ಲೆ ಆ ಬಗೆಯದು.

ಈ ಕತೆಗೆ ಬೇಕಾದ ಮುಖ್ಯ ಸಂಗತಿ ಆ ಐದನೇ ಒಂದು ಭಾಗದಲ್ಲಿದೆ. ಬಿಲ್ಲೆಯಿಂದ ಯಂತ್ರ ಸಿಡಿಯಷ್ಟೇ ವೇಗದಲ್ಲಿ ಓದುತ್ತದೆ, ಆದರೆ ಕಿವಿಗೆ ಬೇಕಾಗಿರುವುದು ಅದರ ಐದರಲ್ಲಿ ಒಂದು ಪಾಲು ಮಾತ್ರ. ಮಿಕ್ಕಿದ್ದನ್ನು ಯಂತ್ರ ತನ್ನ ಮೆಮೊರಿಯಲ್ಲಿ ಕೂಡಿಡುತ್ತದೆ. ಸಾಮಾನ್ಯವಾಗಿ ಸುಮಾರು ಹತ್ತು ಸೆಕೆಂಡಿನಷ್ಟು ಸಂಗೀತ ಯಾವಾಗಲೂ ಮುಂಗಡವಾಗಿ ಕೈಯಲ್ಲಿರುತ್ತದೆ. ಬಸ್ಸು ಗುಂಡಿಗೆ ಇಳಿದು ಲೇಸರ್ ಅಲುಗಿ ದಾರಿ ತಪ್ಪಿದರೂ, ಅದು ಮತ್ತೆ ಜಾಗ ಹುಡುಕಿಕೊಳ್ಳುವವರೆಗೆ ಕೂಡಿಟ್ಟದ್ದು ಕಿವಿಗೆ ಹರಿಯುತ್ತಲೇ ಇರುತ್ತದೆ. ಓಡಾಡುವವರ ಅನುಕೂಲಕ್ಕೆಂದು ಮಾಡಿದ ಈ ಏರ್ಪಾಟಿನಿಂದ ಇನ್ನೊಂದು ಗುಣವೂ ತಾನಾಗಿ ಬಂತು. ಸಿಡಿಯಲ್ಲಿ ಶಫಲ್ ಒತ್ತಿದರೆ ಒಂದು ಹಾಡು ಮುಗಿದ ಮೇಲೆ ಲೇಸರ್ ಇನ್ನೊಂದು ಹಾಡಿನ ಜಾಗಕ್ಕೆ ಓಡಬೇಕು, ಆ ಓಟದಷ್ಟು ಹೊತ್ತು ಮೌನ. ಮಿನಿಡಿಸ್ಕಿನಲ್ಲಿ ಲೇಸರ್ ಓಡುವಷ್ಟು ಹೊತ್ತು ಮೆಮೊರಿಯಲ್ಲಿರುವುದು ನುಡಿಯುತ್ತಿರುತ್ತದೆ, ಹಾಗಾಗಿ ಒಂದು ತುಣುಕಿನ ಕೊನೆಗೆ ಇನ್ನೊಂದರ ಮೊದಲು ಎಳ್ಳಷ್ಟೂ ಬಿರುಕಿಲ್ಲದೆ ಬಂದು ಕೂಡಿಕೊಳ್ಳುತ್ತದೆ.

ಗೆಸ್ಕಾಮ್ ಕೃತಿ ನಿಂತಿರುವುದು ಈ ಕೂಡುವಿಕೆಯ ಮೇಲೆ. ಗಾಯದ ಬದಲು ಆರೋಗ್ಯವಂತ ಯಂತ್ರದ ಸಹಜ ನಡೆಯನ್ನೇ ವಾದ್ಯವಾಗಿ ಬಳಸಿದ್ದು ನನಗೆ ಈ ಇತಿಹಾಸದಲ್ಲೇ ಅತ್ಯಂತ ಸುಂದರವಾದ ತಿರುವಾಗಿ ಕಾಣುತ್ತದೆ. ಮೊದಲ ಸಲ ಕೇಳಿದಾಗ ಮೊರೆತದಂತಹ ಒಂದು ದನಿ ಏರುತ್ತಾ ಹೋಗಿ, ಅದರ ತುದಿಯಲ್ಲೇ ಒಡೆದ ತಾಳವೊಂದು ಬಿತ್ತು. ಆ ಮೊರೆತ ಇದೇ ತಾಳಕ್ಕೆ ಪೀಠಿಕೆಯಾಗಿತ್ತು ಎಂದು ನಂಬಿಬಿಟ್ಟೆ. ಎರಡನೆಯ ಸಲ ಅದೇ ಮೊರೆತದ ಬೆನ್ನಿಗೆ ಸಣ್ಣ ಚಿಟಿಕೆಯ ಸದ್ದುಗಳಷ್ಟೇ ಬಂದವು. ಆಗ ಮೊರೆತವೇ ಮುಕ್ತಾಯವಾಗಿ ಕೇಳಿಸಿತು. ತುಣುಕು ಬದಲಾಗಿರಲಿಲ್ಲ, ಅದರ ಅರ್ಥ ಬದಲಾಗಿತ್ತು. 88 ತುಣುಕುಗಳನ್ನು ಜೋಡಿಸಬಹುದಾದ ಕ್ರಮಗಳ ಸಂಖ್ಯೆಯನ್ನು ಬರೆದರೆ ಅದು 135 ಅಂಕಿಗಳಷ್ಟು ಉದ್ದವಾಗುತ್ತದೆ. ಇಡೀ ಕೃತಿಯನ್ನು ಒಂದೇ ಕ್ರಮದಲ್ಲಿ ಎರಡು ಸಲ ಕೇಳುವ ಸಂಭವ ಇಲ್ಲವೆಂದೇ ಹೇಳಬೇಕು.

2006ರಲ್ಲಿ ಇದೇ ಕೃತಿ ಸಿಡಿಯಾಗಿಯೂ ಬಂತು. ಸಿಡಿಯಲ್ಲಿ 99 ತುಣುಕುಗಳಿಗೆ ಅವಕಾಶವಿರುವುದರಿಂದ 88ನ್ನು ಹಿಡಿಸಲು ಅಡ್ಡಿಯಿರಲಿಲ್ಲ. ಆದರೆ ಶಫಲ್ ಒತ್ತಿದೊಡನೆ ತುಣುಕುಗಳ ನಡುವೆ ಮೌನ ನುಗ್ಗುತ್ತದೆ, ಒತ್ತದೆ ಕೇಳಿದರೆ ಲೆಕ್ಕವಿಲ್ಲದಷ್ಟು ದಾರಿಗಳಲ್ಲಿ ಒಂದೇ ದಾರಿ ಉಳಿಯುತ್ತದೆ. ಈ ವ್ಯತ್ಯಾಸ ಎಷ್ಟು ದೊಡ್ಡದೆಂಬುದಕ್ಕೆ ನಮ್ಮ ದೇಶದ ಒಂದು ಉದಾಹರಣೆಯನ್ನು ಪಕ್ಕದಲ್ಲಿಟ್ಟು ನೋಡಬಹುದು. 1969ರಲ್ಲಿ ಅಹಮದಾಬಾದಿನ ರಾಷ್ಟ್ರೀಯ ವಿನ್ಯಾಸ ಸಂಸ್ಥೆಯಲ್ಲಿ ಅಮೆರಿಕದ ಸಂಗೀತಗಾರ ಡೇವಿಡ್ ಟ್ಯೂಡರ್ ನೆರವಿನಿಂದ, ವಿದ್ಯುತ್ತಿನಿಂದ ದನಿ ಹುಟ್ಟಿಸುವ ಮೂಗ್ ಸಿಂಥಸೈಜರ್ ಇರುವ ಎಲೆಕ್ಟ್ರಾನಿಕ್ ಸಂಗೀತ ಸ್ಟುಡಿಯೋ ಶುರುವಾಯಿತು. ಗೀತಾ ಸಾರಾಭಾಯಿ, ಜಿನ್‌ರಾಜ್ ಜೋಶಿಪುರಾ ಮೊದಲಾದವರು 1972ರವರೆಗೆ ಅಲ್ಲಿ ಮಾಡಿದ ಮುದ್ರಣಗಳು ದಶಕಗಳ ಕಾಲ ಟೇಪಿನ ಸುರುಳಿಗಳಲ್ಲೇ ಉಳಿದಿದ್ದು, 2023ರಲ್ಲಿ ಸಾರ್ವಜನಿಕವಾಗಿ ಬಿಡುಗಡೆಯಾದವು. ಆ ಸಂಗೀತವನ್ನು ಟೇಪಿನಿಂದ ಕಂಪ್ಯೂಟರಿಗೆ ಇಳಿಸಿದಾಗ ಕೃತಿ ಕೃತಿಯಾಗಿಯೇ ಉಳಿಯಿತು. ಮಿನಿಡಿಸ್ಕ್ ಕೃತಿಯಿಂದ ತುಣುಕುಗಳನ್ನಷ್ಟೇ ಇಳಿಸಿಕೊಂಡರೆ ಅವುಗಳನ್ನು ಬೆಸೆಯುವ ಯಂತ್ರದ ನಡೆ ಹಿಂದೆಯೇ ಉಳಿದುಹೋಗುತ್ತದೆ. ಬಿರುಕಿಲ್ಲದೆ ಶಫಲ್ ಮಾಡುವ ಕಂಪ್ಯೂಟರ್ ತಂತ್ರಾಂಶಗಳು ಈಗ ಇವೆ, ಅವುಗಳಲ್ಲಿ ಕೇಳಿದರೆ ಕೃತಿಯ ಆಶಯ ಬಹುಮಟ್ಟಿಗೆ ಸಿಗುತ್ತದೆ ಎಂದು ಒಪ್ಪುತ್ತೇನೆ. ಸಿಡಿಗಿಂತ ಅದೇ ಲೇಸು.

ಮಿನಿಡಿಸ್ಕಿನ ಇಳಿಗಾಲದ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ. 1990ರ ದಶಕದ ಕೊನೆಗೆ ಖಾಲಿ ಸಿಡಿ ಅಗ್ಗವಾಯಿತು, 2001ರಲ್ಲಿ ಐಪಾಡ್ ಬಂತು. 2004ರಲ್ಲಿ ಸೋನಿ ಹೈ-ಎಂಡಿ ಎಂಬ ಹೆಚ್ಚು ಹಿಡಿಯುವ ಬಿಲ್ಲೆಯನ್ನು ತಂದರೂ ಹೊಳೆ ದಿಕ್ಕು ಬದಲಿಸಿ ಆಗಿತ್ತು. 2011ರಲ್ಲಿ ಮಿನಿಡಿಸ್ಕ್ ವಾಕ್‌ಮನ್, 2013ರಲ್ಲಿ ಉಳಿದ ಮಿನಿಡಿಸ್ಕ್ ಯಂತ್ರಗಳು, 2025ರ ಫೆಬ್ರುವರಿಯಲ್ಲಿ ಖಾಲಿ ಬಿಲ್ಲೆಗಳ ತಯಾರಿಕೆ, ಹೀಗೆ ಸೋನಿ ಒಂದೊಂದಾಗಿ ನಿಲ್ಲಿಸಿತು.

ಆದ್ದರಿಂದ ಇಂದು ಈ ಕೃತಿಯನ್ನು ಅದರ ಯಂತ್ರದಲ್ಲೇ ಕೇಳುವುದೆಂದರೆ ಯಂತ್ರವನ್ನು ಜೀವಂತವಾಗಿಡುವ ಕೆಲಸವೂ ಹೌದು. ನನ್ನ ಹಳೆಯ ರೆಕಾರ್ಡರಿಗೆ ಬೇಕಾದ, ಚೂಯಿಂಗ್ ಗಮ್ ಪಟ್ಟಿಯಂತಹ ಚಪ್ಪಟೆ ಬ್ಯಾಟರಿ ನಮ್ಮೂರಿನ ಯಾವ ಅಂಗಡಿಯಲ್ಲೂ ಸಿಗಲಿಲ್ಲ. ಯಂತ್ರದ ಪಕ್ಕಕ್ಕೆ ತಿರುಪಿನಿಂದ ಕೂರಿಸುವ, ಒಂದು ಮಾಮೂಲಿ ಪೆನ್ಸಿಲ್ ಸೆಲ್ ಹಿಡಿಯುವ ಡಬ್ಬಿಯಿಂದ ಕೆಲಸ ನಡೆಯುತ್ತಿದೆ. ಆ ಡಬ್ಬಿಯೇ ಒಮ್ಮೆ ನನಗೆ ಪಾಠ ಕಲಿಸಿತು. ಮಂಡಕ್ಕಿ ಭಟ್ಟಿಯಲ್ಲಿ, ಕಾದ ಮರಳಿಗೆ ಅಕ್ಕಿ ಬಿದ್ದೊಡನೆ ಏಳುವ ಚಟಪಟ ಸದ್ದನ್ನೂ ಜರಡಿಯಿಂದ ಮರಳು ಸುರಿಯುವ ಸದ್ದನ್ನೂ ಸುಮಾರು ಅರ್ಧ ಗಂಟೆ ಖಾಲಿ ಬಿಲ್ಲೆಯೊಂದಕ್ಕೆ ಮುದ್ರಿಸಿಕೊಂಡಿದ್ದೆ. ಅದನ್ನು ಸಣ್ಣ ಸಣ್ಣ ತುಣುಕುಗಳಾಗಿ ಕತ್ತರಿಸಿ ಶಫಲ್‌ನಲ್ಲಿ ಕೇಳಬೇಕೆಂಬ ಆಸೆ ಇತ್ತು. ಯಾವ ತುಣುಕು ಎಲ್ಲಿದೆ ಎಂಬ ಪಟ್ಟಿಯನ್ನು ಯಂತ್ರ ಬಿಲ್ಲೆಯ ಒಳಸುತ್ತಿನಲ್ಲಿ ಬರೆಯುವುದು ಮುದ್ರಣ ನಿಲ್ಲಿಸಿದ ಮೇಲೆ. ನಾನು ನಿಲ್ಲಿಸು ಗುಂಡಿ ಒತ್ತಿ, ಪಟ್ಟಿ ಬರೆದು ಮುಗಿಯುವ ಮೊದಲೇ ಯಂತ್ರವನ್ನು ಚೀಲಕ್ಕೆ ಹಾಕಿದೆ. ತಿರುಪು ಸಡಿಲವಾಗಿದ್ದ ಡಬ್ಬಿ ಕಳಚಿಕೊಂಡಿತು. ಮನೆಗೆ ಬಂದು ನೋಡಿದರೆ ಬಿಲ್ಲೆ ಖಾಲಿ ಎಂದು ಪರದೆ ತೋರಿಸಿತು. ಸದ್ದೆಲ್ಲ ಬಿಲ್ಲೆಯ ಮೇಲೆ ಇದ್ದೇ ಇತ್ತು, ಅದು ಎಲ್ಲಿದೆ ಎಂದು ಹೇಳುವ ಪಟ್ಟಿ ಮಾತ್ರ ಇರಲಿಲ್ಲ.

ಆ ಬಿಲ್ಲೆಯನ್ನು ಅಳಿಸದೆ ಹಾಗೆಯೇ ಎತ್ತಿಟ್ಟಿದ್ದೇನೆ. ಮುಂದಿನ ವಾರ ಮತ್ತೆ ಭಟ್ಟಿಗೆ ಹೋದಾಗ ಬೇರೆ ಬಿಲ್ಲೆ ಹಾಕಿ ಮುದ್ರಿಸಿ, ಪರದೆಯ ಮೇಲಿನ ಅಕ್ಷರಗಳು ಮಿನುಗುವುದು ನಿಲ್ಲುವವರೆಗೆ ಯಂತ್ರವನ್ನು ಎರಡೂ ಕೈಯಲ್ಲಿ ಹಿಡಿದು ನಿಂತೆ. ಈಗ ಅದರಲ್ಲಿ 41 ತುಣುಕುಗಳಿವೆ. ಶಫಲ್ ಒತ್ತಿದರೆ ಜರಡಿಯ ಸದ್ದು ಕೆಲವೊಮ್ಮೆ ಅಕ್ಕಿ ಸಿಡಿಯುವ ಮೊದಲೇ ಬರುತ್ತದೆ, ಮತ್ತು ನಡುವೆ ಎಲ್ಲಿಯೂ ಸದ್ದು ತುಂಡಾಗುವುದಿಲ್ಲ.